ಊಟದ ಹೊತ್ತಿನ ಯುದ್ಧ

ಮುರಳಿ ಮೊದಲ ಸಲ ನನ್ನ ಟೇಬಲ್ಲಿನ ಹತ್ತಿರ ಬಂದದ್ದು ಜಗಳಕ್ಕೆ.

ಪೀಣ್ಯದ ಗಾರ್ಮೆಂಟ್ಸ್ ಒಂದರಲ್ಲಿ ನಾನು ಚೆಕ್ಕಿಂಗ್ ಮಾಡುತ್ತಿದ್ದೆ. ಹೊಲಿಗೆ ಸೊಟ್ಟಗಿದ್ದರೆ ಕೆಂಪು ಸ್ಟಿಕ್ಕರ್ ಅಂಟಿಸಿ ಪಕ್ಕಕ್ಕೆ ಹಾಕುವುದು ನನ್ನ ಕೆಲಸ. ಅವತ್ತು ಹೊಸ ಆರ್ಡರಿನ ನೀಲಿ ಉಣ್ಣೆಯ ಕೋಟುಗಳು ಬಂದಿದ್ದವು. ಗುಂಡಿ ತೂರಿಸಲು ಕೈಯಿಂದ ಹಾಕಿದ ಕಾಜಾಗಳಲ್ಲಿ ಒಂದು ಉದ್ದ, ಒಂದು ಗಿಡ್ಡ. ನಾನು ಸ್ಟಿಕ್ಕರ್ ಅಂಟಿಸುತ್ತಲೇ ಹೋದೆ. ಬೈಯರ್‌ಗಳ ಆರ್ಡರ್ ನೋಡಿಕೊಳ್ಳುವ ಮರ್ಚಂಡೈಸಿಂಗ್ ಸೆಕ್ಷನ್ನಿನಿಂದ ಇವನು ಓಡಿ ಬಂದು, ಈ ಕೋಟಿಗೆ ಸೊಟ್ಟಗಿರುವುದೇ ಸರಿ, ಮಿಷಿನ್ನಿನ ಹಾಗೆ ನೆಟ್ಟಗಿದ್ದರೆ ಬೈಯರ್ ವಾಪಸ್ ಕಳಿಸುತ್ತಾನೆ ಎಂದ.

"ಸೊಟ್ಟ ಹೊಲ್ಯಾಕ ಪಗಾರ ಕೊಡ್ತಾರೇನ್ರಿ?" ಎಂದು ಕೇಳಿದೆ.

ಅವನು ಕಿವಿಯವರೆಗೂ ಕೆಂಪಾದ. ಆಮೇಲೆ ತಾನೇ ಒಂದೊಂದಾಗಿ ಸ್ಟಿಕ್ಕರ್ ಕೀಳಲು ಕೂತ. ಉಗುರಿನಿಂದ ಮೆಲ್ಲಗೆ, ಬಟ್ಟೆಗೆ ನೋವಾದೀತೆಂಬಂತೆ ಕೀಳುತ್ತಿದ್ದ. ನಗು ಬಂತು. ಅವನು ತಲೆಯೆತ್ತಿ ನೋಡಿದಾಗ ನಾನು ನಗುತ್ತಲೇ ಇದ್ದೆ. ನನ್ನ ಗ್ರಹಚಾರ ಶುರುವಾದದ್ದು ಅಲ್ಲಿಂದ.

ಅವನೇನು ಹೊಸಬನಲ್ಲ. ಚಿಕ್ಕಬಾಣಾವರದಲ್ಲಿ ನಾವು ಬಾಡಿಗೆಗಿದ್ದ ಮನೆಯ ಓನರ್ ಮಗ. ಮೇಲೆ ಅವನು ಮತ್ತು ಅವನ ತಾಯಿ ಚಿಕ್ಕಮುನಿಯಮ್ಮ, ಕೆಳಗೆ ಸಾಲಾಗಿ ಬಾಡಿಗೆ ರೂಮುಗಳು. ಅದರಲ್ಲೊಂದರಲ್ಲಿ ನನ್ನ ಅಕ್ಕ ಬಸಕ್ಕ, ಸೆಂಟ್ರಿಂಗ್ ಮೇಸ್ತ್ರಿಯಾಗಿದ್ದ ಅವಳ ಗಂಡ ಗಂಗಪ್ಪ ಮಾಮಾ, ಮತ್ತು ನಾನು. ರೋಣದಿಂದ ಬಂದು ಎರಡು ವರ್ಷವಾದರೂ ಅವನು ನನ್ನೊಡನೆ ಒಂದು ಮಾತೂ ಆಡಿರಲಿಲ್ಲ. ನಲ್ಲಿಯ ಹತ್ತಿರ ಎದುರಾದರೆ ಗೋಡೆ ನೋಡಿಕೊಂಡು ಹೋಗುತ್ತಿದ್ದ. ಆ ಕೋಟು ಬಂದಮೇಲೆ ಮಾತು ಬಂತು.

ಮಾರನೆಯ ದಿನ ಊಟದ ಬೆಲ್ ಆದಾಗ ಕ್ಯಾಂಟೀನಿನ ಹಿಂದಿನ ಹೊಂಗೆ ಮರದ ಕೆಳಗೆ ಬಂದು, ಸೊಟ್ಟ ಕಾಜಾದ ಕಾರಣ ಹೇಳಲಾ ಎಂದ. ಹೇಳಿ ಎಂದೆ. ನನ್ನ ಡಬ್ಬಿಯ ರೊಟ್ಟಿ, ಶೇಂಗಾ ಚಟ್ನಿ ಅವನ ಕಡೆಗೂ, ಅವನ ಚಿತ್ರಾನ್ನ ನನ್ನ ಕಡೆಗೂ ಸರಿದವು.

ಅಮೆರಿಕದಲ್ಲಿ ನೂರೈವತ್ತು ವರ್ಷದ ಹಿಂದೆ ಉತ್ತರದವರೂ ದಕ್ಷಿಣದವರೂ ತಮ್ಮತಮ್ಮಲ್ಲೇ ಹೊಡೆದಾಡಿದರಂತೆ. ಗುಲಾಮರನ್ನು ಇಟ್ಟುಕೊಳ್ಳಬೇಕೋ ಬಿಡಬೇಕೋ ಎಂಬುದು ಜಗಳದ ಬುಡ. ಉತ್ತರದ ಒಂದು ಜಿಲ್ಲೆಯ ಹುಡುಗರು ತಾವಾಗಿಯೇ ಹೋಗಿ ಹೆಸರು ಬರೆಸಿ ಒಂದು ಕಾಲ್ದಳ ಕಟ್ಟಿದರು. ಈಗ ಅಲ್ಲಿನ ಕೆಲವರು ಆ ದಳದ ನೆನಪಿಗೆ ಕ್ಲಬ್ ಮಾಡಿಕೊಂಡಿದ್ದಾರೆ. ಅದೇ ಥರದ ಕೋಟು ತೊಟ್ಟು ಮೈದಾನದಲ್ಲಿ ಯುದ್ಧದ ಆಟ ಆಡುತ್ತಾರೆ. ಅವತ್ತಿನ ಕೋಟುಗಳನ್ನು ಹೆಂಗಸರು ಮನೆಯಲ್ಲಿ ಕೂತು ಹೊಲಿದದ್ದು, ಅದಕ್ಕೇ ಸೊಟ್ಟ.

"ನೀವೂ ಉತ್ತರದೋರೇ. ಗೆದ್ದ ಪಾರ್ಟಿ," ಎಂದ. ಅಷ್ಟು ಹೇಳಿ ತನ್ನ ಮಾತಿಗೆ ತಾನೇ ನಾಚಿಕೊಂಡು ನೀರು ಕುಡಿದ. ಆ ನಾಚಿಕೆಗೆ ನಾನು ಸೋತೆ, ಮುಚ್ಚಿಡುವುದೇನಿದೆ.

ಅವತ್ತಿನಿಂದ ದಿನಾ ಊಟಕ್ಕೆ ಯುದ್ಧ. ಬೇರೆ ಏನು ಮಾತಾಡಿದರೂ ತೊದಲುವ ಈ ಮನುಷ್ಯನಿಗೆ ಆ ದಳದ ವಿಷಯ ಬಂದರೆ ನಾಲಿಗೆ ಸರಾಗ. ಹುಡುಗರು ಬಂದೂಕು ಬರುವ ತನಕ ಕೋಲು ಹಿಡಿದು ಕವಾಯತು ಮಾಡಿದ್ದು, ಕ್ಯಾಪ್ಟನ್ನನ್ನು ತಾವೇ ಓಟು ಹಾಕಿ ಆರಿಸಿದ್ದು, ಆರಿಸಿ ಬಂದವನು ಸ್ಕೂಲು ಮೇಷ್ಟ್ರಾದ್ದರಿಂದ ಸೈನಿಕರಿಗೂ ಬೆಂಚಿನ ಮೇಲೆ ನಿಲ್ಲಿಸುವ ಶಿಕ್ಷೆ ಕೊಟ್ಟದ್ದು, ಕಲ್ಲಿನಂಥ ಬಿಸ್ಕತ್ತನ್ನು ಕಾಫಿಯಲ್ಲಿ ನೆನೆಸಿ ತಿಂದದ್ದು, ಗುಂಡಿಗಿಂತ ಹೆಚ್ಚು ಜನ ಭೇದಿಗೆ ಸತ್ತದ್ದು. ಕೋಟಿನ ಆರ್ಡರ್ ಮುಗಿದು ಪ್ಯಾಂಟಿನ ಆರ್ಡರ್ ಬಂತು. ಅದು ಮುಗಿದು ಚಳಿಗೆ ಹಾಕುವ ದೊಡ್ಡ ಕೋಟಿನದು ಬಂತು. ದಳ ಇನ್ನೂ ನಡೆಯುತ್ತಲೇ ಇತ್ತು.

ದಳದಲ್ಲಿ ಜೋಸೆಫ್ ಎಂಬ ಬಡಗಿಯೊಬ್ಬನಿದ್ದ. ಪಕ್ಕದ ಮನೆಯ ಹುಡುಗಿಯ ಮೇಲೆ ಅವನಿಗೆ ಮನಸ್ಸು. ಹೇಳದೆಯೇ ಯುದ್ಧಕ್ಕೆ ಬಂದುಬಿಟ್ಟಿದ್ದ. ನಾನು ದಿನಾ ಕೇಳುತ್ತಿದ್ದೆ, ಅವನು ಹೇಳಿದನೇ ಎಂದು. ಮುರಳಿ ರೊಟ್ಟಿ ಮುರಿಯುತ್ತಾ, ಓರೆಗಣ್ಣಲ್ಲಿ ನನ್ನ ಬಳೆಗಳನ್ನು ನೋಡುತ್ತಾ, ಇನ್ನೂ ಇಲ್ಲ, ಹಿಮ ಬಿತ್ತು ಎನ್ನುತ್ತಿದ್ದ. ಇನ್ನೊಂದು ದಿನ, ಇಲ್ಲ, ಸೇತುವೆ ಮುರಿಯಿತು ಎನ್ನುತ್ತಿದ್ದ. ನನಗೆ ಅರ್ಥವಾಗದೇ ಇರಲು ನಾನೇನು ಹಾಲು ಕುಡಿಯುವ ಮಗುವೇ? ಜೋಸೆಫ್ ಯಾರು, ಪಕ್ಕದ ಮನೆಯ ಹುಡುಗಿ ಯಾರು ಎಂಬುದು ಹೊಂಗೆ ಮರಕ್ಕೂ ಗೊತ್ತಿತ್ತು. ಅದನ್ನು ಬಾಯಿಬಿಟ್ಟು ಹೇಳಲಿ ಎಂದು ಕಾದೆ. ಕಾದು ಕಾದು ಮೈಯೆಲ್ಲ ಉರಿಯುತ್ತಿತ್ತು. ಬೈಕಿದ್ದೂ ಒಂದು ದಿನ ಹತ್ತಿ ಎಂದವನಲ್ಲ. ಟೆಂಪೋದಲ್ಲಿ ನಾನು ನಿಂತು ಜೋತಾಡುತ್ತಿದ್ದರೆ ಹಿಂದೆ ಹಿಂದೆ ಬೈಕಿನಲ್ಲಿ ಮೆರವಣಿಗೆ ಬರುತ್ತಿದ್ದ.

ಊರಿನಿಂದ ಅವ್ವ ಮಲಕವ್ವ ಫೋನ್ ಮಾಡಿದಳು. ಗಜೇಂದ್ರಗಡದಲ್ಲಿ ಕಿರಾಣಿ ಅಂಗಡಿ ಇಟ್ಟವನೊಬ್ಬ ಫೋಟೋ ನೋಡಿ ಒಪ್ಪಿದ್ದಾನಂತೆ. ನಾನು ಅದು ಇದು ನೆವ ಹೇಳಿ ಮುಂದೆ ಹಾಕುತ್ತಾ ಬಂದೆ. ಕೊನೆಗೆ ಮಾಮಾ, ಈ ಭಾನುವಾರ ಮಧ್ಯಾಹ್ನ ಗಂಡಿನವರಿಗೆ ಫೋನ್ ಮಾಡಿ ಹೂಂ ಎನ್ನುತ್ತೇನೆ, ಬೇಡವಾದರೆ ಕಾರಣ ಹೇಳು ಎಂದುಬಿಟ್ಟರು. ಯಾವ ಕಾರಣ ಹೇಳಲಿ? ಹೇಳಬೇಕಾದವನು ಹಿಮ ಬಿತ್ತು ಅನ್ನುತ್ತಿದ್ದ.

ಬುಧವಾರ ಊಟಕ್ಕೆ ಕೂತಾಗ ಗಂಡಿನ ವಿಷಯ ಹೇಳಿದೆ. ಅಂಗಡಿ ಯಾವ ಬೀದಿಯಲ್ಲಿದೆ ಎಂಬುದನ್ನೂ ಬಿಡದೆ ಹೇಳಿದೆ. ಮುರಳಿ ಡಬ್ಬಿಯ ಮುಚ್ಚಳ ಹಾಕಿ, ತೆಗೆದು, ಮತ್ತೆ ಹಾಕಿದ. ಈಗ ಹೇಳುತ್ತಾನೆ ಎಂದುಕೊಂಡೆ.

"ನದಿ ದಾಟ್ಬೇಕಾದ್ರೆ ಜೋಸೆಫ್ ಸತ್ತೋದ," ಎಂದ.

ಬಾತ್‌ರೂಮಿಗೆ ಹೋಗಿ ಅತ್ತೆ. ಯಾವುದೋ ದೇಶದ ಯಾವುದೋ ಬಡಗಿಗಾಗಿ ಅಳುತ್ತಿದ್ದೇನೆಂದು ನನಗೆ ನಾನೇ ಹೇಳಿಕೊಂಡೆ. ಟೇಬಲ್ಲಿಗೆ ಬಂದಾಗ ಕಣ್ಣು ಊದಿತ್ತು, ಸೂಪರ್‌ವೈಸರ್ ಬೈದಳು, ನಾನು ಅವಳಿಗೆ ತಿರುಗಿ ಬೈದೆ.

ಶುಕ್ರವಾರ ಬೈಯರ್ ಬಂದ. ಬಿಳಿ ಗಡ್ಡದ ಮುದುಕ, ಆ ಕ್ಲಬ್ಬಿನ ಅಧ್ಯಕ್ಷನಂತೆ. ಪ್ರೊಡಕ್ಷನ್ ಮ್ಯಾನೇಜರ್ ಶೇಖರಪ್ಪ ಅವನನ್ನು ಲೈನುಗಳ ಮಧ್ಯೆ ಸುತ್ತಾಡಿಸುತ್ತಾ ನನ್ನ ಟೇಬಲ್ಲಿಗೂ ಕರೆತಂದರು. ಹಿಂದೆ ಮುರಳಿ. ಮುದುಕ ಕಾಜಾಗಳನ್ನು ಬೆರಳಿನಿಂದ ಸವರಿ ತುಂಬಾ ಚೆನ್ನಾಗಿವೆ ಎಂದ. ನನಗೇನಾದರೂ ಕೇಳುವುದಿದೆಯೇ ಎಂದು ಶೇಖರಪ್ಪ ಬಾಯಿಮಾತಿಗೆ ಕೇಳಿದರು. ಮುರಳಿ ಬೇಡ ಬೇಡ ಎಂದು ತಲೆಯಾಡಿಸಿದ್ದು ಕಂಡಿತು. ಕಂಡದ್ದಕ್ಕೇ ಕೇಳಿದೆ.

ಜೋಸೆಫ್‌ನನ್ನು ಎಲ್ಲಿ ಹೂಳಿದರು, ನದಿಯ ದಂಡೆಯಲ್ಲೋ ಅಥವಾ ಅವನ ಊರಿಗೆ ಒಯ್ದರೋ, ಎಂದೆ. ಶೇಖರಪ್ಪ ಅರ್ಥವಾಗದಿದ್ದರೂ ಇಂಗ್ಲಿಷಿನಲ್ಲಿ ಹೇಳಿದರು. ಮುದುಕ ಹುಬ್ಬು ಗಂಟಿಕ್ಕಿ, ಯಾವ ನದಿ ಎಂದ.

ಆಮೇಲೆ ಅವನು ಹೇಳಿದ್ದನ್ನು ಶೇಖರಪ್ಪ ಒಂದೊಂದೇ ವಾಕ್ಯ ಕನ್ನಡಕ್ಕೆ ತಂದರು. ಆ ದಳ ಸೇರಿದ್ದು ಒಂಬತ್ತು ತಿಂಗಳ ಮಟ್ಟಿಗೆ. ಒಂಬತ್ತೂ ತಿಂಗಳು ಒಂದು ರೈಲ್ವೆ ಸೇತುವೆ ಕಾದರು. ಕೆಲವರು ಜ್ವರಕ್ಕೆ ಸತ್ತರು. ಯುದ್ಧವನ್ನು ಯಾರೂ ನೋಡಲಿಲ್ಲ. ಒಂದೇ ಒಂದು ಸಲ ಕತ್ತಲಲ್ಲಿ ಗುಂಡು ಹಾರಿಸಿ ಪಾಪದ ರೈತನೊಬ್ಬನ ಹಸುವನ್ನು ಕೊಂದರು. ಸುತ್ತಲಿದ್ದವರು ನಕ್ಕರು, ಮುದುಕನೂ ನಕ್ಕ. ಆದರೂ ಹೊರಡುವಾಗ ಸೇತುವೆ ಸಿಗುತ್ತದೋ ಸಾವು ಸಿಗುತ್ತದೋ ಅವರಿಗೆ ಗೊತ್ತಿರಲಿಲ್ಲವಲ್ಲ, ಎಂದ. ಅವನ ಮುತ್ತಜ್ಜ ಅದೇ ದಳದಲ್ಲಿದ್ದು, ಊರಿಗೆ ಮರಳಿದ ತಿಂಗಳಿಗೇ ಮದುವೆಯಾದನಂತೆ.

ನಾನು ಮುರಳಿಯನ್ನು ನೋಡಿದೆ. ಅವನು ನೆಲ ನೋಡುತ್ತಿದ್ದ.

ಸಂಜೆ ಟೆಂಪೋ ಹತ್ತಲಿಲ್ಲ. ನಡೆದೇ ಹೊರಟೆ. ಸ್ವಲ್ಪ ದೂರ ಹೋಗುವಷ್ಟರಲ್ಲಿ ಅವನು ಬಂದು, ಬೈಕ್ ಆಫ್ ಮಾಡಿ, ತಳ್ಳಿಕೊಂಡು ಪಕ್ಕದಲ್ಲಿ ನಡೆದ. ಎರಡೂ ಕಡೆ ಲೇತ್ ಮಿಷಿನ್ನುಗಳ ಕಿರುಚಾಟ, ಮೈಮೇಲೆ ಬರುವ ಲಾರಿಗಳು. ಒಂದು ಮಾತಾಡಿದರೆ ನಾಲ್ಕು ಹಾರ್ನ್.

"ನದಿ ದಾಟಲೇ ಇಲ್ಲೇನ್ರಿ?"

"ಇಲ್ಲ."

"ಜೋಸೆಫ್?"

"ಅವ್ನೂ ಇಲ್ಲ. ಬೈಯರ್ ಮೊದಲ್ನೇ ದಿನಾನೇ ಮೇಲ್‌ನಲ್ಲಿ ಹೇಳಿದ್ರು, ಸೇತುವೆ ಕಾದ್ರು, ವಾಪಸ್ ಬಂದ್ರು ಅಂತ. ಅಷ್ಟೇ ಹೇಳಿದ್ರೆ ಒಂದು ಊಟಕ್ಕೆ ಮುಗಿದೋಗ್ತಿತ್ತು. ಮಾರನೇ ದಿನ ನಿಮ್ಮ ಹತ್ರ ಬಂದು ಏನು ಮಾತಾಡ್ಲಿ ನಾನು?"

ಒಂದು ವರ್ಷಕ್ಕೂ ಮಿಕ್ಕಿ ನಡೆದ ಯುದ್ಧ. ನಾನು ಉಸಿರು ಬಿಗಿಹಿಡಿದು ಕೇಳಿದ ಒಂದೊಂದು ರಾತ್ರಿಯ ಕಾವಲು, ಒಂದೊಂದು ಚಳಿ. ಎಲ್ಲ ಇವನ ತಲೆಯಲ್ಲಿ ನಡೆದದ್ದು. ಸಿಟ್ಟಿಗೆ ಕಣ್ಣು ಕತ್ತಲಿಟ್ಟಿತು.

"ಮತ್ತ ಸಾಯಿಸಿದ್ಯಾಕ್ರಿ ಅವನ್ನ?"

ಅವನು ಬೈಕಿನ ಹ್ಯಾಂಡಲ್ ಬಿಗಿಯಾಗಿ ಹಿಡಿದು ನಿಂತುಬಿಟ್ಟ. "ಊರಿಗೆ ಕಳಿಸ್ಬೇಕು ಅಂತಲೇ ಇದ್ದೆ ಕಣ್ರೀ. ನೀವು ಆ ಗಂಡಿನ ವಿಷಯ ಹೇಳಿದ್ರಿ. ಜೋಸೆಫ್ ಮನೆಗೆ ಹೋಗಿ ಆ ಹುಡುಗಿ ಎದುರಿಗೆ ನಿಂತು ಏನು ಹೇಳ್ತಾನೆ ಅಂತ ಯೋಚನೆ ಮಾಡ್ದೆ. ಎಷ್ಟು ಯೋಚ್ನೆ ಮಾಡಿದ್ರೂ ಬರ್ಲಿಲ್ಲ. ಅದಕ್ಕೇ ಸಾಯಿಸ್ಬಿಟ್ಟೆ."

ಲಾರಿಯೊಂದು ಧೂಳೆಬ್ಬಿಸಿ ಹೋಯಿತು. ಕಣ್ಣೊರೆಸಿಕೊಂಡೆ. ಧೂಳಿಗೇ ಎಂದುಕೊಳ್ಳಲಿ ಎಂದು ಸೆರಗಿನಿಂದ ಮುಖವನ್ನೂ ಒರೆಸಿದೆ.

"ನೀವು ಸಾಯಿಸಿ ಕೈ ತೊಳಕೊಂಡ್ರಿ. ಅತ್ತಾಕಿ ನಾನು," ಎಂದೆ. "ಭಾನುವಾರ ಮಧ್ಯಾಹ್ನ ಮಾಮಾ ಫೋನ್ ಮಾಡ್ತಾರ. ಅದರೊಳಗ ಬಂದು ಮಾತಾಡೂದಿದ್ರ ಮಾತಾಡ್ರಿ. ಇಲ್ಲಾಂದ್ರ ಇನ್ನ ಮ್ಯಾಲ ನನಗ ಯಾವ ಕತಿನೂ ಬ್ಯಾಡ."

ಅವನು ಹತ್ತಿ ಎಂದ, ಕೊನೆಗೂ. ನಾನು ಹತ್ತಲಿಲ್ಲ, ಬಸ್ಸು ಹಿಡಿದೆ.

ಭಾನುವಾರ ಬೆಳಿಗ್ಗೆ ಬಸಕ್ಕನಿಗೆ ಹೇಳಿದೆ. ಅವಳು ಲಟ್ಟಣಿಗೆ ಕೆಳಗಿಟ್ಟು, "ಓನರ್ ಮಗಾನ? ಅಂವಾ ಮಾತಾಡ್ತಾನೇನ?" ಎಂದಳು. ಅದೇ ಪ್ರಶ್ನೆ ನನಗೂ ಇತ್ತು.

ಅಡುಗೆಯಾಯಿತು, ಮಾಮಾ ಸ್ನಾನ ಮಾಡಿ ಬಂದರು, ಮೊಬೈಲ್ ಹುಡುಕಿದರು. ಆಗ ಬಾಗಿಲಲ್ಲಿ ಮುರಳಿ. ಇಸ್ತ್ರಿ ಮಾಡಿದ ಶರ್ಟು. ಕೂತ. ಟ್ಯಾಂಕಿನಲ್ಲಿ ನೀರು ಸರಿಯಾಗಿ ಬರುತ್ತಿದೆಯಾ ಎಂದು ಕೇಳಿದ. ಬರುತ್ತಿದೆ ಎಂದರು ಮಾಮಾ. ಈ ವರ್ಷ ಸುಣ್ಣ ಹೊಡೆಸಬೇಕು ಎಂದ. ಹೊಡೆಸಿ ಎಂದರು. ಬಾಡಿಗೆ ಜಾಸ್ತಿ ಮಾಡಲು ಬಂದಿದ್ದಾನೆಂದು ಮಾಮಾನ ಮುಖ ಹೇಳುತ್ತಿತ್ತು. ಆಮೇಲೆ ಅವನು ಫ್ಯಾನ್ ನೋಡುತ್ತಾ ಕೂತ. ಎದ್ದು ಹೋಗಿ ಅವನ ಭುಜ ಹಿಡಿದು ಅಲುಗಾಡಿಸಬೇಕೆನಿಸಿತು. ಮಾಮಾ, ಒಂದು ಫೋನ್ ಮಾಡುವುದಿದೆ ಎಂದು ನಂಬರ್ ಒತ್ತತೊಡಗಿದರು.

"ಮಾಡ್ಬೇಡಿ ಅಣ್ಣ," ಎಂದ ಮುರಳಿ. ದನಿ ಜೋರಾಗಿಯೇ ಬಂತು. "ಸುಮಂಗಲಾ ಅವ್ರನ್ನ ನಾನು ಮದ್ವೆ ಆಗ್ತೀನಿ. ಅವ್ರಿಗೆ ಇಷ್ಟ ಇದ್ರೆ. ನನಗೆ ತುಂಬಾ ದಿನದಿಂದ ಇಷ್ಟ, ಹೇಳಕ್ಕೆ ಬರ್ಲಿಲ್ಲ."

ಬಸಕ್ಕನ ಕೈಯ ಚೊಂಬು ಕೆಳಗೆ ಬಿತ್ತು. ನೀವು ಬೇರೆ ಮಂದಿ, ನಾವು ಬೇರೆ ಮಂದಿ ಎಂದರು ಮಾಮಾ. ಗೊತ್ತು ಎಂದ. ನಿಮ್ಮ ತಾಯಿಗೆ ಹೇಳಿದ್ದೀರಾ ಎಂದರು. ಬೆಳಿಗ್ಗೆಯೇ ಹೇಳಿದೆ, ಇನ್ನು ನನ್ನೊಡನೆ ಮಾತಾಡುವುದಿಲ್ಲ ಅಂದಿದ್ದಾರೆ ಎಂದ. ಅಷ್ಟರಲ್ಲಿ ಮೆಟ್ಟಿಲ ಮೇಲಿನಿಂದ ಚಿಕ್ಕಮುನಿಯಮ್ಮನ ದನಿ ಕೇಳಿಸಿತು.

"ಕೇಳ್ದೇನ್ಲಾ? ಏನಂದ್ಲು ಆ ಉಡ್ಗಿ?"

ಮಾಮಾ ಫೋನನ್ನು ನೆಲದ ಮೇಲಿಟ್ಟು ನನ್ನ ಕಡೆ ತಿರುಗಿದರು. "ನೀ ಏನಂತಿ ಸುಮಾ?"

ಏನು ಹೇಳಬೇಕೆಂದು ನನಗೆ ವರ್ಷದಿಂದ ಗೊತ್ತಿತ್ತು. ಮನಸ್ಸಿನಲ್ಲಿ ಸಾವಿರ ಸಲ ಹೇಳಿದ್ದೆ, ಬಗೆಬಗೆಯಾಗಿ, ನಕ್ಕು, ಸತಾಯಿಸಿ. ಈಗ ಬಾಯಿ ತೆರೆದೆ. ಮತ್ತೊಮ್ಮೆ ತೆರೆದೆ. ಏನೂ ಬರಲಿಲ್ಲ. ಬಸಕ್ಕ ಮೊಣಕೈಯಿಂದ ತಿವಿದಳು. ಮಾಮಾ ಗಂಟಲು ಸರಿಮಾಡಿಕೊಂಡರು. ಮೆಟ್ಟಿಲ ಮೇಲಿನವರು ಇನ್ನೆರಡು ಮೆಟ್ಟಿಲು ಇಳಿದರು. ನನ್ನ ಮೇಲೆ ನನಗೇ ರೇಗಿತು, ಕಣ್ಣು ತುಂಬಿತು.

ಮುರಳಿ ಮಾತ್ರ ಅವಸರ ಮಾಡಲಿಲ್ಲ. ಮುಖ ಎತ್ತಿ, ಮೊದಲ ಸಲ ನೆಟ್ಟಗೆ ನನ್ನನ್ನೇ ನೋಡುತ್ತಾ, ಎಷ್ಟು ಹೊತ್ತಾದರೂ ಆಗಲಿ ಎಂಬಂತೆ ಕೂತಿದ್ದ.

"ಹೂಂ," ಎಂದೆ.