ಕೆಂಪು ಡ್ರಮ್ಮಿನ ಫಿಯೆಟ್

“ಬ್ರೇಕಿಗೆ ಲಿಪ್‌ಸ್ಟಿಕ್ ಹಚ್ಚುವುದಾ?” ಎಂದು ಕಾರಿನ ಅಡಿಯಿಂದ ಪಪ್ಪ ಕೇಳಿದರು.

ಝೀಟಾಳಿಗೆ ನಗು ತಡೆಯಲಾಗಲಿಲ್ಲ. ಪಪ್ಪನ ಎರಡು ಕಾಲುಗಳು ಮಾತ್ರ ಹೊರಗೆ ಕಾಣುತ್ತಿದ್ದವು. ಆ ಕಾಲುಗಳೇ ಮಾತಾಡಿದ ಹಾಗಿತ್ತು.

ಅಂಗಳದಲ್ಲಿ ಅವರ ಹಳೆಯ ಫಿಯೆಟ್ ಕಾರು ಚಕ್ರಗಳಿಲ್ಲದೆ ಮುರಕಲ್ಲುಗಳ ಮೇಲೆ ನಿಂತಿತ್ತು. ಪಪ್ಪನ ಹೆಸರು ಸಿಲ್ವೆಸ್ಟರ್. ಅವರಿಗೆ ಮಣಿಪಾಲದ ಒಂದು ಪ್ರೆಸ್ಸಿನಲ್ಲಿ ಕೆಲಸ. ರಜೆಯ ದಿನ ಮಾತ್ರ ಈ ಕಾರೇ ಕೆಲಸ. ಎಷ್ಟೋ ಕೈ ದಾಟಿ ಕಾಪುವಿಗೆ ಬಂದಿದ್ದ ಆ ಕಾರನ್ನು ಬಿಚ್ಚುವುದೂ ಅವರೇ, ಕೂಡಿಸುವುದೂ ಅವರೇ.

“ಭಾವ, ಬಹರೈನ್‌ಗೆ ಬಂದು ನೋಡಿ,” ಎಂದ ಪ್ಯಾಟ್ರಿಕ್ ಮಾಮ. ಅವನು ಮಮ್ಮಿಯ ತಮ್ಮ, ಮೊನ್ನೆಯಷ್ಟೇ ಊರಿಗೆ ಬಂದವನು. “ಅಲ್ಲಿ ದೊಡ್ಡ ದೊಡ್ಡ ಕಾರುಗಳ ಬ್ರೇಕಿಗೆಲ್ಲ ಕೆಂಪು ಪೇಂಟು. ಗಾಡಿ ಓಡುವಾಗ ಚಕ್ರದ ತೂತುಗಳಲ್ಲಿ ಮಿಣಮಿಣ ಕಾಣುತ್ತದೆ. ನಾನು ಒಂದು ಡಬ್ಬಿ ತಂದಿದ್ದೇನೆ. ಎಷ್ಟು ಬಿಸಿಯಾದರೂ ಹೋಗುವುದಿಲ್ಲವಂತೆ.”

“ನಮ್ಮದಕ್ಕೂ ಹಚ್ಚುವ ಪಪ್ಪ,” ಎಂದಳು ಝೀಟಾ. “ನಾಡಿದ್ದು ಕ್ಲಾರಾ ಮಾವ್ಶಿಯ ಮದುವೆ ಅಲ್ವಾ? ಮದುಮಗಳು ಕೂರುವ ಕಾರು ಚಂದ ಇರಬೇಡವಾ?”

ಕ್ಲಾರಾ ಮಾವ್ಶಿ ಮಮ್ಮಿಯ ತಂಗಿ. ಉಡುಪಿಯಲ್ಲಿ ನರ್ಸ್. ಝೀಟಾ ಅಂಬೆಗಾಲಿಡುವ ಕಾಲದಿಂದಲೂ ಇವರ ಮನೆಯಲ್ಲೇ ಇದ್ದವಳು. ಇನ್ನು ಅವಳು ಕಾರ್ಕಳದ ಸೊಸೆ. ಮದುವೆಯೂ ಕಾರ್ಕಳದ ಇಗರ್ಜಿಯಲ್ಲಿಯೇ.

ಪಪ್ಪ ಕಾರಿನಡಿಯಿಂದ ತೆವಳಿಕೊಂಡು ಹೊರಬಂದರು. ಮೂಗಿನ ಮೇಲೆ ಗ್ರೀಸಿನ ಬೊಟ್ಟು.

“ಡಬ್ಬಿ ತಾ, ನೋಡುವ,” ಎಂದರು.

ಪಪ್ಪ ನಾಲ್ಕು ಬ್ರೇಕ್ ಡ್ರಮ್ಮುಗಳನ್ನು ಆಗಲೇ ಕಳಚಿ ಇಟ್ಟಿದ್ದರು. ಕವುಚಿ ಹಾಕಿದ ಬಾಣಲೆಯ ಹಾಗಿದ್ದವು ಅವು. ಎತ್ತಲು ಹೋದರೆ ಕೈಯೇ ಕಿತ್ತು ಬರುವಷ್ಟು ಭಾರ. ಮೇಲೆಲ್ಲ ತುಕ್ಕು, ಕೆಸರು, ಎಣ್ಣೆ ಜಿಡ್ಡು.

“ಇದು ನಿನ್ನದು,” ಎಂದು ಪಪ್ಪ ಮುಂದಿನ ಎಡಚಕ್ರದ ಡ್ರಮ್ಮನ್ನು ಝೀಟಾಳ ಮುಂದಿಟ್ಟರು. “ಮೊದಲು ತಿಕ್ಕಬೇಕು. ಪೇಂಟ್ ಆಮೇಲೆ.”

ಝೀಟಾ ತಂತಿ ಬ್ರಶ್ಶಿನಿಂದ ತಿಕ್ಕಿದಳು. ತಿಕ್ಕಿ ತಿಕ್ಕಿ ಭುಜ ಸೋತಿತು. ಆಮೇಲೆ ಉಪ್ಪುಕಾಗದ. ಅದಾದ ಮೇಲೆ ಪೆಟ್ರೋಲಿನಲ್ಲಿ ಅದ್ದಿದ ಬಟ್ಟೆಯಿಂದ ಒರೆಸುವುದು. ಪೇಂಟಿನ ಡಬ್ಬಿ ತೆರೆಯುವಷ್ಟರಲ್ಲಿ ಬೆಳಗಿನ ತಿಂಡಿ ಜೀರ್ಣವಾಗಿ ಹೋಗಿತ್ತು.

ಬಣ್ಣ ಮಾತ್ರ ಎಂಥ ಬಣ್ಣ. ಹಣ್ಣಾದ ಮೆಣಸಿನ ಹಾಗೆ. ಝೀಟಾ ಬ್ರಶ್ಶನ್ನು ಪೂರಾ ಮುಳುಗಿಸಿ ದಪ್ಪಗೆ ಎಳೆದಳು. ಬಣ್ಣ ಅಂಚಿನಿಂದ ತೊಟ್ಟು ತೊಟ್ಟಾಗಿ ಇಳಿಯಿತು.

“ಮೂಗು ಸೋರುತ್ತಾ ಉಂಟು ನೋಡು,” ಎಂದು ಪಪ್ಪ ಅದನ್ನು ಒರೆಸಿದರು. “ತೆಳ್ಳಗೆ ಎಳೆಯಬೇಕು. ಒಣಗಲು ಬಿಡಬೇಕು. ಆಮೇಲೆ ಇನ್ನೊಂದು ಕೋಟ್. ಅವಸರ ಮಾಡಿದರೆ ಶೈನಿಂಗ್ ಬರುವುದಿಲ್ಲ.”

“ಇದು ಮಂಕಾಗಿ ಕಾಣುತ್ತದೆ ಪಪ್ಪ.”

“ಮೊದಲ ಕೋಟ್ ಹಾಗೆಯೇ. ಎರಡನೆಯದರಲ್ಲಿ ನೋಡು.”

ಎರಡನೆಯ ಕೋಟಿಗೆ ನಿಜವಾಗಿಯೂ ಡ್ರಮ್ಮು ಹೊಳೆಯತೊಡಗಿತು. ಝೀಟಾ ಬಗ್ಗಿ ನೋಡಿದರೆ ಅದರಲ್ಲಿ ಅವಳ ಎರಡು ಜಡೆಗಳೂ ಕಂಡವು.

ನಾಲ್ಕು ಡ್ರಮ್ಮುಗಳನ್ನೂ ಸೌದೆ ಕೊಟ್ಟಿಗೆಯಲ್ಲಿ ಪೇಪರಿನ ಮೇಲೆ ಇಟ್ಟು ಪಪ್ಪ ಕೈ ತೊಳೆದರು. “ನಾಳೆವರೆಗೆ ಯಾರೂ ಮುಟ್ಟಬಾರದು,” ಎಂದು ಹೇಳಿ ಪ್ಯಾಟ್ರಿಕ್ ಮಾಮನೊಂದಿಗೆ ಉಡುಪಿಗೆ ಹೋದರು. ಮಾಮನ ಕೋಟು ಇನ್ನೂ ಟೈಲರ್ ಹತ್ತಿರವೇ ಇತ್ತು.

ಮಧ್ಯಾಹ್ನ ಕಳೆಯಿತು. ಮನೆಯೊಳಗೆ ಮಮ್ಮಿ ಮತ್ತು ನೆರೆಮನೆಯವರು ಮದುವೆಯ ತಿಂಡಿ ಕರಿಯುತ್ತಿದ್ದರು. ಹೋದ ಮಕ್ಕಳನ್ನೆಲ್ಲ ಹೊರಗೆ ಅಟ್ಟುತ್ತಿದ್ದರು. ಝೀಟಾ ಸುಮ್ಮನೆ ನೋಡಿ ಬರುವ ಎಂದು ಕೊಟ್ಟಿಗೆಗೆ ಹೋದಳು.

ಬಣ್ಣ ಒಣಗಿತ್ತು. ಬೆರಳ ತುದಿಯಿಂದ ಮುಟ್ಟಿದಳು. ಅಂಟಲಿಲ್ಲ. ತನ್ನ ಡ್ರಮ್ಮನ್ನು ನಿಧಾನವಾಗಿ ಎಬ್ಬಿಸಿ ಗೋಡೆಗೆ ಒರಗಿಸಿ ನಿಲ್ಲಿಸಿದಳು. ಒಳಗೆ ನೋಡಿದರೆ ಸುತ್ತಲೂ ಒಂದು ಅಗಲವಾದ ಪಟ್ಟಿ. ಬರೀ ಬೋಳು ಕಬ್ಬಿಣ. ಗೀರು ಗೀರು ಬೇರೆ.

‘ಹೊರಗೆ ಇಷ್ಟು ಚಂದ, ಒಳಗೆ ಹೀಗೆ. ದೊಡ್ಡವರು ಮರೆತಿದ್ದಾರೆ’ ಎಂದುಕೊಂಡಳು ಝೀಟಾ.

ಡಬ್ಬಿಯಲ್ಲಿ ಬಣ್ಣ ಮಿಕ್ಕಿತ್ತು. ಅವಳು ಪಪ್ಪ ಹೇಳಿಕೊಟ್ಟ ಹಾಗೆಯೇ ಮಾಡಿದಳು. ಬಟ್ಟೆಯಿಂದ ಒರೆಸಿದಳು. ಬ್ರಶ್ಶಿನ ತುದಿ ಮಾತ್ರ ಅದ್ದಿದಳು. ಪಟ್ಟಿಯ ಮೇಲೆ ತೆಳ್ಳಗೆ, ಒಂದೇ ಸಮನೆ ಎಳೆದಳು. ಒಂದು ಹನಿಯೂ ಸೋರಲಿಲ್ಲ. ಬೆಳಗಿನದಕ್ಕಿಂತ ಇದೇ ಚೆನ್ನಾಗಿ ಬಂತು. ಪಪ್ಪನಿಗೆ ಆಮೇಲೆ ತೋರಿಸಿದರಾಯಿತು ಎಂದುಕೊಂಡಳು. ಆದರೆ ಮುಟ್ಟಬಾರದು ಎಂದದ್ದು ನೆನಪಾಗಿ, ಈಗಲೇ ಬೇಡ ಎನ್ನಿಸಿತು.

ಮರುದಿನ ಸಂಜೆ ಮನೆಯಲ್ಲಿ ರೋಸ್. ಅಂದರೆ ಮದುಮಗಳಿಗೆ ತೆಂಗಿನ ಹಾಲು ಹಚ್ಚಿ ಮೀಯಿಸುವ ಶಾಸ್ತ್ರ. ಅಂಗಳದ ತುಂಬ ಜನ. ಹೊತ್ತು ಮುಳುಗುವಾಗ ಕರೆಂಟೂ ಹೋಯಿತು. ಪಪ್ಪ ಗ್ಯಾಸ್ ಲೈಟಿಗೆ ಗಾಳಿ ಹಾಕಲು ಓಡಿದರು. ಪ್ಯಾಟ್ರಿಕ್ ಮಾಮ ಆ ಅರೆಗತ್ತಲಲ್ಲೇ ಬಂದವರ ಜೊತೆ ಮಾತಾಡುತ್ತಾ ಕೊನೆಯ ಎರಡು ಡ್ರಮ್ಮು ಕೂಡಿಸಿ, ಚಕ್ರ ಹಾಕಿ, ನಟ್ಟು ಬಿಗಿದ. ಅದರಲ್ಲಿ ಒಂದು ಝೀಟಾಳದ್ದು.

ಅವಳು ನೋಡಲೂ ಇಲ್ಲ. ಕ್ಲಾರಾ ಮಾವ್ಶಿಯ ತಲೆಯಿಂದ ತೆಂಗಿನ ಹಾಲು ಸುರಿದು ಗಲ್ಲದಿಂದ ತೊಟ್ಟಿಕ್ಕುವುದನ್ನು ನೋಡಿ ನಗುವುದರಲ್ಲೇ ಇದ್ದಳು.

ಮದುವೆಯ ಬೆಳಿಗ್ಗೆ ನೆಂಟರನ್ನೆಲ್ಲ ತುಂಬಿಕೊಂಡು ಬಸ್ಸು ಮೊದಲೇ ಹೊರಟಿತು. ಉಳಿದವರು ಕಾರಿನವರು. ಮಲ್ಲಿಗೆ ಒಂದು ಬರುವುದಿತ್ತು. ಝೀಟಾ ಹೊಸ ಫ್ರಾಕ್ ಹಾಕಿಕೊಂಡು ಗೇಟಿನ ಹತ್ತಿರ ಕಾಯುತ್ತಿದ್ದಳು.

ಹೂ ತಂದವಳು ಅವಳ ಕ್ಲಾಸಿನ ಕುಶಲಾ. ಅಣ್ಣನ ಸೈಕಲ್ಲಿನ ಹ್ಯಾಂಡಲಿಗೆ ಶಂಕರಪುರದ ಮಲ್ಲಿಗೆಯ ಬುಟ್ಟಿ ಸಿಕ್ಕಿಸಿಕೊಂಡು, ಎರಡು ಕಾಲನ್ನೂ ನೆಲಕ್ಕೆ ಉಜ್ಜುತ್ತಾ ಬಂದಳು. ಗೇಟು ದಾಟಿ, ಬಾಳೆಗಿಡಕ್ಕೆ ಹೋಗಿ ತಾಗಿ ನಿಂತಳು.

“ಇದೆಂತ ಕುಶಲಾ, ಬ್ರೇಕ್ ಇಲ್ವಾ?”

“ಬ್ರೇಕ್ ಉಂಟು, ಹಿಡಿಯುವುದಿಲ್ಲ ಮಾರಾಯ್ತಿ,” ಎಂದಳು ಕುಶಲಾ, ಮೊಣಕಾಲು ಒರೆಸಿಕೊಳ್ಳುತ್ತಾ. “ನಮ್ಮ ವಿಠಲಣ್ಣನ ಕೆಲಸ. ಹೊಳೆಯಲಿ ಅಂತ ರಿಮ್ಮಿಗೆ ತೆಂಗಿನೆಣ್ಣೆ ಹಚ್ಚಿದ್ದಾನೆ. ಈಗ ಬ್ರೇಕಿನ ರಬ್ಬರ್ ಜಾರುತ್ತದೆ.”

ಝೀಟಾ ನಕ್ಕಳು. ಅರ್ಧ ನಕ್ಕು ನಿಲ್ಲಿಸಿದಳು.

ಹೂವಿನ ಬುಟ್ಟಿ ಹಿಡಿದುಕೊಂಡು ಒಳಗೆ ಹೋದಳು. ಪಪ್ಪ ಕನ್ನಡಿಯ ಮುಂದೆ ಟೈ ಕಟ್ಟಿಕೊಳ್ಳುತ್ತಿದ್ದರು.

“ಪಪ್ಪ, ಸೈಕಲ್ಲಿಗೆ ರಬ್ಬರ್ ರಿಮ್ಮನ್ನು ಹಿಡಿಯುತ್ತದೆ ಅಲ್ವಾ? ಕಾರಿಗೆ ಎಂತ ಹಿಡಿಯುವುದು?”

“ಈಗಲೇ ಬೇಕಾ ನಿನಗೆ?” ಎಂದರೂ ಪಪ್ಪ ಟೈ ಬಿಟ್ಟು ಒಂದು ಕೈಯನ್ನು ಬಟ್ಟಲಿನ ಹಾಗೆ ಮಡಚಿದರು. “ಇದು ಡ್ರಮ್ಮು. ತಿರುಗುತ್ತಾ ಇರುತ್ತದೆ. ಒಳಗೆ ಎರಡು ಲೈನರ್, ಸೈಕಲ್ಲಿನ ಆ ರಬ್ಬರಿನ ಹಾಗೆ. ನಾನು ಪೆಡಲ್ ಒತ್ತಿದಾಗ ಅವು ಹೀಗೆ ಅಗಲವಾಗಿ ಡ್ರಮ್ಮಿನ ಒಳಮೈಯನ್ನು ಒತ್ತಿ ಹಿಡಿಯುತ್ತವೆ. ಗಾಡಿ ನಿಲ್ಲುತ್ತದೆ.”

“ಒಳಮೈ ಜಾರಿದರೆ?”

“ಜಾರುವುದು ಯಾಕೆ? ಅದು ಬರೀ ಕಬ್ಬಿಣ ಅಲ್ವಾ,” ಎಂದು ಪಪ್ಪ ಮತ್ತೆ ಟೈ ಹಿಡಿದರು.

ಝೀಟಾ ಹೊರಗೆ ಬಂದಳು. ಕಾರು ಅಂಗಳದಲ್ಲಿ ತೊಳೆದು ಒರೆಸಿಕೊಂಡು ನಿಂತಿತ್ತು. ಚಕ್ರದ ತೂತುಗಳಲ್ಲಿ ಕೆಂಪು ಹೊಳೆಯುತ್ತಿತ್ತು. ಕಾರ್ಕಳದ ದಾರಿಯಲ್ಲಿ ಏರು ಇಳಿತಗಳು ಎಷ್ಟು ಉಂಟು ಎಂದು ಅವಳಿಗೆ ಗೊತ್ತು. ಬೆಳ್ಮಣ್ಣು ಕಳೆದು ನಿಟ್ಟೆಯ ಕಡೆ ಹೋಗುವಾಗ ಹಿಂದಿನ ಸೀಟಿನಲ್ಲಿ ಕೂತು, ಇಳಿಜಾರು ಬಂದಾಗಲೆಲ್ಲ “ಜುಂಯ್” ಎನ್ನುತ್ತಿದ್ದವಳು ಅವಳೇ.

ಹೇಳಬೇಕು ಎಂದು ಬಾಯಿ ತೆರೆದಳು. ಆದರೆ ಎಲ್ಲರೂ ಒಟ್ಟಿಗೆ ಹೊರಬಂದರು. ಮಮ್ಮಿ ಬಾಗಿಲಿಗೆ ಬೀಗ ಹಾಕಿದಳು. ಬಿಳಿ ಸೀರೆಯುಟ್ಟ ಕ್ಲಾರಾ ಮಾವ್ಶಿ ಸೆರಗು ಎತ್ತಿ ಹಿಡಿದು ಜಾಗ್ರತೆಯಾಗಿ ಹಿಂದಿನ ಸೀಟಿನಲ್ಲಿ ಕೂತಳು. ಪಪ್ಪ ಕೀ ತಿರುಗಿಸಿದರು. ಎಂಜಿನ್ ಗುರ್ ಎಂದಿತು.

“ಝೀಟಾ, ಹತ್ತು. ಎಂತ ನೋಡುತ್ತಾ ನಿಂತಿದ್ದಿ?” ಎಂದಳು ಮಮ್ಮಿ.

“ನಾವು ಬಸ್ಸಿನಲ್ಲಿ ಹೋಗುವನಾ?” ಎಂದಳು ಝೀಟಾ.

ಎಲ್ಲರೂ ನಕ್ಕರು. ಪ್ಯಾಟ್ರಿಕ್ ಮಾಮ, “ಬಹರೈನ್ ಪೇಂಟಿನ ಕಾರು ಬಿಟ್ಟು ಬಸ್ಸಾ?” ಎಂದ.

“ಒಳಗೂ ಪೇಂಟ್ ಉಂಟು,” ಎಂದಳು ಅವಳು. ಸ್ವರ ಸಣ್ಣಗಿತ್ತು. “ನನ್ನ ಚಕ್ರದ ಡ್ರಮ್ಮಿಗೆ. ಒಳಗೆ ಬೋಳಾಗಿತ್ತು. ನಾನು ಹಚ್ಚಿದೆ.”

ಪಪ್ಪ ಎಂಜಿನ್ ಆಫ್ ಮಾಡಿದರು.

“ಲೈನರ್ ಹಿಡಿಯುವ ಕಡೆಗೆ?”

ಝೀಟಾ ತಲೆಯಾಡಿಸಿದಳು. ಕಣ್ಣು ತುಂಬಿ ಕಾರು ನೀರಿನಲ್ಲಿ ನಿಂತ ಹಾಗೆ ಕಾಣುತ್ತಿತ್ತು.

“ಇವತ್ತೇ ಆಗಬೇಕಿತ್ತಾ ಇದು?” ಎಂದು ಮಮ್ಮಿ ಹಣೆಗೆ ಕೈ ಹಚ್ಚಿದಳು. “ಅಲ್ಲಿ ಫಾದರ್ ಕಾಯುತ್ತಾರೆ. ಮುಟ್ಟಬಾರದು ಅಂತ ಹೇಳಿದ ಮೇಲೆ ನೀನು ಯಾಕೆ…”

“ಬರ್ತಾ, ಅದು ಆಮೇಲೆ,” ಎಂದು ಪಪ್ಪ ಮಮ್ಮಿಯನ್ನು ಹೆಸರು ಹಿಡಿದು ತಡೆದರು. ಅವರ ಮುಖದಲ್ಲಿ ನಗು ಇರಲಿಲ್ಲ. ಕಾರಿನಿಂದಿಳಿದು ಟೈ ಬಿಚ್ಚಿದರು, ಅಂಗಿ ಬಿಚ್ಚಿ ಬಟ್ಟೆಯ ಹಗ್ಗಕ್ಕೆ ಹಾಕಿದರು. “ಪ್ಯಾಟ್ರಿಕ್, ಜಾಕ್ ತಾ.”

ಪ್ಯಾಟ್ರಿಕ್ ಮಾಮನ ಮುಖ ಬಾಡಿತ್ತು. “ಕೂಡಿಸಿದ್ದು ನಾನೇ ಭಾವ. ನಾನಾದರೂ ನೋಡಬೇಕಿತ್ತು,” ಎಂದು ಹೊಸ ಕೋಟು ತೆಗೆದಿಟ್ಟ.

ಮದುಮಗಳು ಕೆಳಗಿಳಿದು ಜಗಲಿಯ ಮೇಲೆ ಕೂತಳು. “ಇಗರ್ಜಿ ಎಲ್ಲಿಗೂ ಓಡುವುದಿಲ್ಲ. ಮದುಮಗನೂ ಓಡುವುದಿಲ್ಲ,” ಎಂದು ಕ್ಲಾರಾ ಮಾವ್ಶಿ ಬೀಸಣಿಗೆ ಬೀಸಿಕೊಂಡಳು. “ಓಡಿದರೆ ಹಿಡಿದುಕೊಂಡು ಬರಲು ನಮಗೆ ಬ್ರೇಕ್ ಸರಿ ಇರುವ ಕಾರೇ ಬೇಕು.”

ಡ್ರಮ್ಮು ಹೊರಬಂತು. ಬಿಸಿಲಿಗೆ ತಿರುಗಿಸಿದರೆ ಒಳಗಿನ ಪಟ್ಟಿ ಕೆಂಪಗೆ ಫಳಫಳ ಎಂದಿತು. ಎಲ್ಲಿಯೂ ಒಂದು ಹನಿ ಸೋರಿರಲಿಲ್ಲ. ಪಪ್ಪ ಅದನ್ನು ಒಂದು ಗಳಿಗೆ ನೋಡಿದರು.

“ಕೆಲಸವೇನೋ ಚೆನ್ನಾಗಿ ಮಾಡಿದ್ದಿ,” ಎಂದರು. “ಇದರಲ್ಲಿ ಬ್ರೇಕ್ ಒತ್ತಿದರೆ ಮೂರು ಚಕ್ರ ಹಿಡಿಯುತ್ತಿತ್ತು, ಇದೊಂದು ಜಾರುತ್ತಿತ್ತು. ಇಳಿತದಲ್ಲಿ ಗಾಡಿ ಅಡ್ಡಕ್ಕೆ ತಿರುಗುತ್ತಿತ್ತು. ಗೊತ್ತಾಯಿತಾ?”

“ಗೊತ್ತಾಯಿತು.”

“ಹಾಗಾದರೆ ಫ್ರಾಕ್ ಬದಲಿಸಿ ಬಾ. ನಿನ್ನ ಡ್ರಮ್ಮು, ನೀನೇ ತೆಗೆಯಬೇಕು.”

ಅವಳು ಹಳೆಯ ಲಂಗ ಹಾಕಿಕೊಂಡು ಓಡಿ ಬಂದಳು. ಇನ್ನೂ ಗೇಟಿನ ಹತ್ತಿರವೇ ನಿಂತಿದ್ದ ಕುಶಲಾ ಬಂದು ಪೆಟ್ರೋಲ್ ಬಟ್ಟೆ ಹಿಂಡಿ ಕೊಟ್ಟಳು. ಪೂರಾ ಗಟ್ಟಿಯಾಗದ ಬಣ್ಣ ಬೇಗ ಬಿಟ್ಟಿತು. ಆದರೆ ಗೀರುಗಳೊಳಗೆ ಕೂತದ್ದು ಬಿಡಲಿಲ್ಲ. ಝೀಟಾ ಉಪ್ಪುಕಾಗದ ಹಿಡಿದು ಉಜ್ಜಿದಳು. ಪಪ್ಪ ಆಚೆ ಲೈನರ್ ನೋಡಿ ಒರೆಸುತ್ತಿದ್ದರು. ಒಮ್ಮೆಯೂ “ಸಾಕು” ಎನ್ನಲಿಲ್ಲ. ಅವಳೂ ಕೇಳಲಿಲ್ಲ. ಕೆಂಪು ಹೋಗಿ ಬೂದು ಬಣ್ಣದ ಕಬ್ಬಿಣ ಸುತ್ತಲೂ ಬರುವವರೆಗೆ ಉಜ್ಜಿದಳು. ಕೊನೆಗೆ ಬೆರಳಿನಿಂದ ಸವರಿ ನೋಡಿದಳು. ಒರಟು ಒರಟಾಗಿ ಬೆರಳನ್ನು ಹಿಡಿಯಿತು.

ಚಕ್ರ ಕೂಡಿತು. ಪಪ್ಪ ಸ್ಪ್ಯಾನರ್ ಅವಳ ಕೈಗೆ ಕೊಟ್ಟರು. ಝೀಟಾ ಅದರ ಮೇಲೆ ಹತ್ತಿ ನಿಂತು, ಇಡೀ ಮೈಭಾರ ಹಾಕಿ ನಟ್ಟುಗಳನ್ನು ಬಿಗಿದಳು. ಪಪ್ಪ ಒಬ್ಬರೇ ಕಾರು ತೆಗೆದುಕೊಂಡು ರಸ್ತೆಗೆ ಹೋದರು. ದೂರದಲ್ಲಿ ಕಾರು ಓಡುವುದು, ಗಕ್ಕನೆ ನಿಲ್ಲುವುದು, ಮತ್ತೆ ಓಡುವುದು, ಮತ್ತೆ ನಿಲ್ಲುವುದು ಗೇಟಿನಿಂದ ಕಾಣುತ್ತಿತ್ತು. ಅದು ನಿಂತಾಗಲೆಲ್ಲ ಝೀಟಾ ಉಸಿರು ಬಿಡುತ್ತಿದ್ದಳು.

ಪಪ್ಪ ಬಂದು ಕೈ ತೊಳೆದು ಅಂಗಿ ತೊಟ್ಟರು. ಟೈ ಈ ಸಲ ಸ್ವಲ್ಪ ಸೊಟ್ಟಗೆ ಕೂತಿತು. ಮಮ್ಮಿ ಅವಸರದಿಂದ ಝೀಟಾಳ ಫ್ರಾಕಿನ ಗುಂಡಿ ಹಾಕಿ, ಅವಳ ಜಡೆಗೂ ಒಂದು ತುಂಡು ಮಲ್ಲಿಗೆ ಮುಡಿಸಿದಳು. ಮದುಮಗಳು ಮತ್ತೆ ಸೀರೆ ಎತ್ತಿ ಹಿಡಿದು ಹತ್ತಿದಳು. ಎಲ್ಲರೂ ಕೂತರು.

ಪಪ್ಪ ಎಂಜಿನ್ ಸ್ಟಾರ್ಟ್ ಮಾಡಿದರು. ಆದರೆ ಗೇರ್ ಹಾಕಲಿಲ್ಲ. ಹಿಂದೆ ತಿರುಗಿ ಝೀಟಾಳನ್ನು ನೋಡಿದರು.

“ಹೋಗಬಹುದಾ?”

ಯಾರೂ ನಗಲಿಲ್ಲ. ಪಪ್ಪ ಚೇಷ್ಟೆಗೆ ಕೇಳಿದ್ದಲ್ಲ. ಎಲ್ಲರೂ ಅವಳ ಉತ್ತರಕ್ಕೆ ಕಾಯುತ್ತಿದ್ದರು.

ಹೂಂ ಎನ್ನುವುದಕ್ಕೆ ಬಾಯಿ ತೆರೆದ ಝೀಟಾ ಹಾಗೆಯೇ ನಿಲ್ಲಿಸಿದಳು. “ಒಂದು ನಿಮಿಷ ಪಪ್ಪ,” ಎಂದು ಬಾಗಿಲು ತೆಗೆದು ಇಳಿದಳು. ಡಿಕ್ಕಿಯಿಂದ ಸ್ಪ್ಯಾನರ್ ತಂದಳು. ಫ್ರಾಕನ್ನು ಮೊಣಕಾಲಿನ ನಡುವೆ ಸಿಕ್ಕಿಸಿ ಕುಕ್ಕರಗಾಲಿನಲ್ಲಿ ಕೂತು, ಎಡಚಕ್ರದ ನಟ್ಟುಗಳನ್ನು ಒಂದೊಂದಾಗಿ ಒತ್ತಿ ನೋಡಿದಳು. ಯಾವುದೂ ಅಲುಗಲಿಲ್ಲ. ಎದ್ದವಳು ಏನೋ ಯೋಚಿಸಿ, ಸುತ್ತು ಹೊಡೆದು ಉಳಿದ ಮೂರು ಚಕ್ರಗಳನ್ನೂ ನೋಡಿ ಬಂದಳು.

ಆಮೇಲೆ ಸ್ಪ್ಯಾನರ್ ಒಳಗಿಟ್ಟು, ಹತ್ತಿ ಕೂತು, ಬಾಗಿಲು ಹಾಕಿಕೊಂಡಳು.

“ಈಗ ಹೋಗಬಹುದು,” ಎಂದಳು.

ಪಪ್ಪ ಗೇರ್ ಹಾಕಿದರು.