ಬೂದಿಯೂರಿನ ತಂಡ

ದ್ವೀಪದ ಫುಟ್‌ಬಾಲ್ ಒಕ್ಕೂಟಕ್ಕೆ ಎಲ್ಡ್ರೆಡ್ ಹತ್ತೊಂಬತ್ತು ವರ್ಷದಿಂದ ಕಾರ್ಯದರ್ಶಿ. ಭಾಷಣ ಬರೆಯುವವನು ಇವನು, ಚಪ್ಪಾಳೆ ಅಧ್ಯಕ್ಷ ಲೀಬರ್ಡ್‌ಗೆ. ದುಡಿಯೋನು ಒಬ್ಬ, ಉಣ್ಣೋನು ಇನ್ನೊಬ್ಬ. "ನಮ್ಮ ಎಲ್ಡ್ರೆಡ್ ಬೀಗದ ಕೈ ಇದ್ದಂಗೆ ಕಣ್ರಪ್ಪಾ, ಎಲ್ಲಿ ನೇತುಹಾಕಿದ್ರೂ ಅಲ್ಲೇ ಇರ್ತಾನೆ" ಎಂದು ಆ ಮುದುಕ ಎಲ್ಲರೆದುರು ನಗುತ್ತಿದ್ದ. ಎಲ್ಡ್ರೆಡ್‌ಗೆ ಹೊಟ್ಟೆ ಉರಿಯುತ್ತಿತ್ತು.

ಈ ಸಲ ಆ ಕುರ್ಚಿ ತನ್ನದಾಗಲೇಬೇಕು. ಆಡುತ್ತಿದ್ದ ಕ್ಲಬ್ಬು ಎಂಟು, ಮತವೂ ಎಂಟು. ನಾಲ್ಕು ತನಗೆ, ನಾಲ್ಕು ಮುದುಕನಿಗೆ. ಸಮವಾದರೆ ಹಳೆಯ ಅಧ್ಯಕ್ಷನೇ ಮುಂದುವರಿಯುತ್ತಾನೆ. ಬೇಕಿದ್ದದ್ದು ಇನ್ನೊಂದೇ ಮತ.

ಅದನ್ನು ಅವನು ಬೂದಿಯಿಂದ ಅಗೆದು ತೆಗೆದ. ಪಾರ್ಸನ್ ಹಿಲ್ ಎಂಬ ಊರನ್ನು ಜ್ವಾಲಾಮುಖಿ ನುಂಗಿ ವರ್ಷಗಳಾಗಿದ್ದರೂ ಅದರ ಕ್ಲಬ್ಬಿನ ಹೆಸರನ್ನು ಒಕ್ಕೂಟದ ಪಟ್ಟಿಯಿಂದ ಹೊಡೆದುಹಾಕಲು ಯಾರಿಗೂ ಮನಸ್ಸಾಗಿರಲಿಲ್ಲ. ಊರವರು ಪಕ್ಕದ ದ್ವೀಪದಲ್ಲಿ ಮತ್ತೆ ತಂಡ ಕಟ್ಟಿದ್ದಾರೆಂದು ಎಲ್ಡ್ರೆಡ್ ಸುದ್ದಿ ಬಿಟ್ಟ. ಮುದುಕ ಕಣ್ಣೊರೆಸಿಕೊಂಡ. ವರ್ಷಕ್ಕೆ ಆರು ಪಂದ್ಯ ಆಡಿದ ಕ್ಲಬ್ಬಿಗೆ ಮತವುಂಟು. ಎಲ್ಡ್ರೆಡ್ ಕಾಗದದ ಮೇಲೆ ಇಪ್ಪತ್ತು ಆಟಗಾರರನ್ನು ಹುಟ್ಟಿಸಿದ, ಆರು ಪಂದ್ಯ ಆಡಿಸಿದ, ಆರರಲ್ಲೂ ಸೋಲಿಸಿದ. ಗೆದ್ದವರಿಗೆ ಪುಕ್ಕಟೆ ಅಂಕ. ನಾವು ಯಾವಾಗ ಗೆದ್ದೆವು ಎಂದು ಯಾವನು ತಕರಾರು ತೆಗೆಯುತ್ತಾನೆ? ಮತವನ್ನು ಅಂಚೆಯಲ್ಲಿ ಕಳಿಸಬಹುದಿತ್ತು. ಆ ನಿಯಮ ಬರೆದವನೂ ಅವನೇ. ಪಂದ್ಯದ ಹಾಳೆಗಳನ್ನು ಎಂದಿನಂತೆ ಮೂವತ್ತು ದ್ವೀಪಗಳ ಮಹಾಮಂಡಳಿಗೆ ಕಳಿಸಿದ. ಅಲ್ಲಿ ಠಸ್ಸೆ ಬಿದ್ದರೆ ಸುಳ್ಳೂ ಸತ್ಯವೇ.

ಸಿಕ್ಕಿಬಿದ್ದರೆ ಜೈಲು. ಐದು ಸಾವಿರ ಜನರ ದ್ವೀಪದಲ್ಲಿ ಮುಖ ಮರೆಸಿಕೊಳ್ಳಲೂ ಜಾಗವಿಲ್ಲ. ಆದರೆ ಸಿಕ್ಕಿಬೀಳುವ ಮಾತೆಲ್ಲಿ ಬಂತು?

ಚುನಾವಣೆಯ ಬೆಳಿಗ್ಗೆ ಮಹಾಮಂಡಳಿಯ ವೀಕ್ಷಕಿ ದೋಣಿಯಿಂದ ಇಳಿದಳು. ಅವಳ ಪೆಟ್ಟಿಗೆಯನ್ನು ಎಲ್ಡ್ರೆಡ್ ತಾನೇ ಹೊತ್ತ.

"ಏನಮ್ಮಾ, ಕಲ್ಲು ತುಂಬಿದೀರಾ?"

"ಎಣಿಕೆ ಮುಗೀಲಿ, ಹೇಳ್ತೀನಿ."

ಐದು, ನಾಲ್ಕು. ಎಲ್ಡ್ರೆಡ್ ಗೆದ್ದ. ಲೀಬರ್ಡ್ ಎದ್ದು ಕುರ್ಚಿ ಬಿಟ್ಟುಕೊಟ್ಟ. ಹೊರಗೆ ಆಡಿನ ಸಾರು ಕುದಿಯುತ್ತಿತ್ತು. ಎಲ್ಡ್ರೆಡ್‌ಗೆ ಎಷ್ಟೋ ದಿನದ ಮೇಲೆ ಚೆನ್ನಾಗಿ ಹಸಿವಾಯಿತು.

ವೀಕ್ಷಕಿ ಪೆಟ್ಟಿಗೆ ತೆರೆದಳು. ಒಳಗೆ ಇಪ್ಪತ್ತು ಪದಕ. "ಮೂವತ್ತು ದ್ವೀಪದಲ್ಲಿ ಈ ವರ್ಷ ಒಂದೂ ಹಳದಿ ಕಾರ್ಡು ಕಾಣದ ಕ್ಲಬ್ಬು ಒಂದೇ. ಸಜ್ಜನಿಕೆಯ ಬಹುಮಾನ ಪಾರ್ಸನ್ ಹಿಲ್ ತಂಡಕ್ಕೆ. ನಾನೇ ಹೋಗಿ ಅವರ ಕೊರಳಿಗೆ ಹಾಕಬೇಕು." ಗೋಲು ಬರೆದಿದ್ದ, ಸೋಲು ಬರೆದಿದ್ದ, ಮಳೆ ಹನಿದದ್ದನ್ನೂ ಬರೆದಿದ್ದ ಎಲ್ಡ್ರೆಡ್, ಯಾರೊಬ್ಬನ ಕೈಲೂ ಒಂದು ತಪ್ಪಾಟ ಆಡಿಸುವುದನ್ನು ಮರೆತಿದ್ದ. "ಪಾರ್ಸನ್ ಹಿಲ್ ಹುಡುಗ್ರಾ?" ಎಂದ ಲೀಬರ್ಡ್. "ನಾಮಕರಣಕ್ಕೆ ಹೋದ್ರೂ ಹೊಡೆದಾಡಿ ಬರ್ತಿದ್ರಲ್ರೀ ಅವ್ರು." ಅವನು ಟೋಪಿ ಎತ್ತಿಕೊಂಡ. "ನಡೀರಿ, ನಾನೂ ಬರ್ತೀನಿ. ಆ ಇಪ್ಪತ್ತು ಸಾಧುಗಳನ್ನ ಕಣ್ಣಾರೆ ನೋಡಬೇಕು." ವೀಕ್ಷಕಿ ಪೆಟ್ಟಿಗೆ ಮುಚ್ಚಿ ಎಲ್ಡ್ರೆಡ್‌ನ ಕೈಗಿಟ್ಟಳು. "ದೋಣಿ ನಿಲ್ಲಿಸಿದೀನಿ, ಪಕ್ಕದ ದ್ವೀಪ ಒಂದು ಗಂಟೆ ದಾರಿ. ಮೊದಲು ಯಾರ ಮನೆಗೆ ಹೋಗೋಣ, ಅಧ್ಯಕ್ಷರೇ?"