ಅವನಿಗಾಗಿ ಆರಿಸಿದ ಸದ್ದು

“ಇದಕ್ಕೆ ಜೀವಾನೇ ಇಲ್ಲ!”

ಉದ್ದನೆಯ ಕಪ್ಪು ಚೀಲವನ್ನು ಗಾಜಿನ ಮೇಜಿನ ಮೇಲೆ ಧೊಪ್ಪೆಂದು ಇಟ್ಟು ಅವನು ಹಾಗೆ ಕೂಗಿದ ರಭಸಕ್ಕೆ, ವಾದ್ಯದಂಗಡಿಯ ಹಿಂಭಾಗದಲ್ಲಿ ಕೂತು ಕೇಬಲ್ಲಿನ ತುದಿಗೆ ಬೆಸುಗೆ ಹಾಕುತ್ತಿದ್ದ ಅವಳ ಕೈ ಜಾರಿತು. ಕಾದ ಕಡ್ಡಿ ಹೆಬ್ಬೆರಳಿಗೆ ತಾಗಿತು.

“ಸ್ಸ್...” ಅಂದಳು. ಅಷ್ಟೇ. ಅದಕ್ಕಿಂತ ಜೋರಾಗಿ ನೋವು ತೋರಿಸಿ ಅವಳಿಗೆ ಅಭ್ಯಾಸವಿರಲಿಲ್ಲ.

ಅವನು ಗಕ್ಕನೆ ತಿರುಗಿದ. ಬಾಗಿಲಿಗೆ ತಲೆ ತಾಗುವಷ್ಟು ಎತ್ತರ... ನಿದ್ದೆಗೆಟ್ಟ ಕಣ್ಣುಗಳು... ಸಿಟ್ಟೋ ಭಯವೋ ಗೊತ್ತಾಗದ ಮುಖ.

“ಅಯ್ಯೋ, ಸುಟ್ಕೊಂಡ್ರಾ? ನನ್ನಿಂದಾನಾ?”

ಇಷ್ಟು ವರ್ಷದಲ್ಲಿ ಆ ಅಂಗಡಿಗೆ ಬಂದ ಗಿರಾಕಿಗಳಲ್ಲಿ ಅವಳ ಬೆರಳಿನ ಬಗ್ಗೆ ಕೇಳಿದವನು ಅವನೊಬ್ಬನೇ. ಅವಳು ತಲೆ ತಗ್ಗಿಸಿ ಬೆರಳನ್ನು ಬಾಯಿಗಿಟ್ಟುಕೊಂಡಳು.

“ಅವಳು ದಿನಾ ಸುಟ್ಕೋತಾಳೆ, ಬಿಡಿ ಸ್ವಾಮಿ,” ಎಂದರು ಅಂಗಡಿಯ ಯಜಮಾನರು, ಅವಳ ಸೋದರಮಾವ. “ನಿಮ್ಮ ಕಥೆ ಹೇಳಿ. ದಪ್ಪ ದನಿಯ ಬೇಸ್ ಗಿಟಾರಾ?”

“ಹೂಂ. ಒಂದು ಬ್ಯಾಂಡಿನವರು ನನ್ನ ನುಡಿಸಾಣಿಕೆ ನೋಡೋಣ ಅಂದಿದ್ದಾರೆ. ಗುರುವಾರ ಒಂದ್ಸಲ, ಶನಿವಾರ ಒಂದ್ಸಲ. ಇನ್ನೊಬ್ಬನೂ ಬರ್ತಿದ್ದಾನೆ. ಇಬ್ಬರಲ್ಲಿ ಒಬ್ಬನಿಗೇ ಜಾಗ.” ಅವನು ಉಗುಳು ನುಂಗಿದ. “ಆರು ವರ್ಷ ಹೋಟೆಲ್‌ಗಳಲ್ಲಿ ಜನ ಊಟ ಮಾಡುವಾಗ ಮೂಲೇಲಿ ನಿಂತು ನುಡಿಸಿದ್ದೀನಿ. ಒಬ್ಬನೂ ತಟ್ಟೆ ಬಿಟ್ಟು ತಲೆ ಎತ್ತಿಲ್ಲ. ಇದೂ ತಪ್ಪಿದ್ರೆ ಗಿಟಾರ್ ಬಿಟ್ಟು ಅಪ್ಪನ ಟೈಲ್ಸ್ ಅಂಗಡೀಲಿ ಕೂರ್ತೀನಿ ಅಂತ ಮಾತು ಕೊಟ್ಟಿದ್ದೀನಿ.”

“ಅಷ್ಟೇನಾ! ಪೆಡಲ್ ಹಾಕಿ ಸ್ವಾಮಿ! ಕಾಲಲ್ಲಿ ಒತ್ತಿದ್ರೆ ಸಾಕು, ಸತ್ತ ತಂತಿ ಎದ್ದು ಕುಣಿಯುತ್ತೆ!”

ಮಾವ ಗಾಜಿನ ಮೇಲೆ ಸಣ್ಣ ಸಣ್ಣ ಲೋಹದ ಡಬ್ಬಿಗಳನ್ನು ಸಾಲಾಗಿ ಜೋಡಿಸತೊಡಗಿದರು. ಒಂದು... ಎರಡು... ಐದು...

ಅವಳಿಗೆ ತಡೆಯಲಾಗಲಿಲ್ಲ. ಎದ್ದು ಬಂದು ಚೀಲದಿಂದ ಅವನ ಬೇಸನ್ನು ತೆಗೆದಳು. ಒಂದು ಕಣ್ಣು ಮುಚ್ಚಿ ಅದರ ಉದ್ದನೆಯ ಕತ್ತಿನ ನೇರಕ್ಕೆ ನೋಡಿದಳು.

“ಕತ್ತು ತಿರುಚಿಕೊಂಡಿದೆ... ಹತ್ತು ಪೆಡಲ್ ಹಾಕಿದ್ರೂ ಇದು ಹಾಡಲ್ಲ.”

ಮಾವ ಕೈಯಲ್ಲಿದ್ದ ಆರನೇ ಡಬ್ಬಿಯನ್ನು ಕೆಳಗಿಟ್ಟರು. “ಕೇಳಿದ್ರಾ? ಇದು ಅವಳ ಒಂದು ತಿಂಗಳಿನ ಮಾತು! ನನ್ನ ಅಕ್ಕನ ಮಗಳು. ಬಾಯಿ ಇಲ್ಲ, ಬರೀ ಕಿವಿ. ಅದಕ್ಕೇ ನಾನು ಇವಳನ್ನ ಕಿವಿ ಅಂತಾನೇ ಕರೆಯೋದು. ಅವಳು ಬೇಡ ಅಂದ್ರೆ ಬೇಡ. ನನ್ನ ವ್ಯಾಪಾರ ಮಾತ್ರ ಮುಳುಗಿಸ್ತಾಳೆ!”

ಅವನು ನಕ್ಕ. ಅವಳ ಕೆನ್ನೆ ಬಿಸಿಯಾಯಿತು.

ಒಂಬತ್ತನೇ ತರಗತಿಯಲ್ಲಿ, ಪಾಠ ಓದಲು ಎದ್ದು ನಿಂತಾಗ ಅವಳ ಬಾಯಿ ಕಟ್ಟಿಹೋಗಿತ್ತು. ಇಡೀ ತರಗತಿ ನಕ್ಕಿತ್ತು. ಮರುದಿನದಿಂದ ಅವಳು ಶಾಲೆಗೆ ಹೋಗಲಿಲ್ಲ. ಮಾವ ಕರೆತಂದು ಈ ರಿಪೇರಿ ಮೇಜಿನ ಮುಂದೆ ಕೂರಿಸಿದರು. ಎಂಟು ವರ್ಷ ಕಳೆದಿತ್ತು. ವಾದ್ಯಗಳು ನಗುತ್ತಿರಲಿಲ್ಲ. ಎಲ್ಲಿ ನೋವು ಅಂತ ಕೇಳಿದರೆ ನಿಜ ಹೇಳುತ್ತಿದ್ದವು.

ಆ ಸೋಮವಾರದಿಂದ ಬುಧವಾರದವರೆಗೆ ಮೂರು ದಿನ ಅವನು ದಿನಾ ಬಂದ.

ಗೋಡೆಗೆ ತೂಗುಹಾಕಿದ್ದ ಬೇಸ್‌ಗಳನ್ನು ಒಂದೊಂದಾಗಿ ಇಳಿಸಿ ಅವನ ಕೈಗಿಟ್ಟಳು. ಒಂದು ತೀರಾ ಹಗುರ. ಇನ್ನೊಂದರ ಮೂರನೇ ತಂತಿ ಸುಮ್ಮಸುಮ್ಮನೆ ಗುಂಯ್‌ಗುಡುತ್ತಿತ್ತು. ಕೊನೆಗೆ ಮೂಲೆಯಲ್ಲಿದ್ದ ಕಂದು ಬಣ್ಣದ, ದಪ್ಪ ಕತ್ತಿನ ಹಳೆಯ ಬೇಸ್ ಅವನ ಎದೆಗೆ ಒರಗಿ ಕೂತಿತು.

ಅದಕ್ಕೆ ಮೇಲ್ಮೈ ನುಣುಪಾದ ತಂತಿ ಹಾಕಿದಳು. ಜೋರು ಪೆಟ್ಟು, ಮೆಲು ಪೆಟ್ಟು ಎರಡನ್ನೂ ಸಮ ಮಾಡುವ ಒಂದು ಪೆಡಲ್ ಆರಿಸಿದಳು. ಸದ್ದನ್ನು ನೀರಿನ ಮೇಲಿನ ಬೆಳಕಿನಂತೆ ಹರಡುವ ಇನ್ನೊಂದು. ಗಲಾಟೆ ಮಾಡದ, ತಾನೇ ಬೆಸುಗೆ ಹಾಕಿದ ಗಟ್ಟಿ ಕೇಬಲ್. ಆಮೇಲೆ ಸದ್ದು ದೊಡ್ಡದು ಮಾಡುವ, ಅವನು ಹೊತ್ತು ತಂದಿದ್ದ ಆಂಪ್ ಪೆಟ್ಟಿಗೆಯ ಮೂರು ಗುಂಡಿಗಳು: ಆಳದ ಸದ್ದಿಗೊಂದು, ಚೂಪಿನ ಸದ್ದಿಗೊಂದು, ಮಧ್ಯದ್ದಕ್ಕೊಂದು. ಆಳವನ್ನು ಏರಿಸಿದಳು. ಒರಟಾಗಿ ಕೇಳುವ ಮಧ್ಯದ್ದನ್ನು ಪೂರ್ತಿ ಇಳಿಸಿದಳು.

“ಈಗ ನುಡಿಸಿ.”

ಅವನು ನುಡಿಸಿದ. ನೆಲದಿಂದ ಎದ್ದ ಆ ಸದ್ದು ಅವಳ ಪಾದ ಹತ್ತಿ, ಮೊಣಕಾಲು ಹತ್ತಿ, ಎದೆಯಲ್ಲಿ ಬಂದು ನಿಂತಿತು...

‘ದೇವರೇ... ಇಷ್ಟು ಚೆಂದದ ಸದ್ದನ್ನು ನಾನು ಯಾರಿಗೂ ಮಾಡಿಕೊಟ್ಟಿಲ್ಲ!’

ಅವನು ಕಣ್ಣು ತೆರೆದು ಅವಳನ್ನೇ ನೋಡುತ್ತಿದ್ದ.

ಬುಧವಾರ ಸಂಜೆ ಅವನು ಕೇಬಲ್ ಸರಿಯಿಲ್ಲ ಅಂತ ಮತ್ತೊಮ್ಮೆ ಬಂದು ಹೋದ ಮೇಲೆ ಮಾವ ಕನ್ನಡಕದ ಮೇಲಿಂದ ನೋಡಿದರು. “ಏ ಕಿವಿ, ಅಂಗಡಿಗೆ ಬರೋ ಮೀಸೆ ಬಂದವರು, ಬರದವರು ಎಲ್ಲರನ್ನೂ ಅಣ್ಣ ಅಂತೀಯ. ಇವನನ್ನ ಒಂದ್ಸಲಾನೂ ಅನ್ನಲಿಲ್ಲವಲ್ಲ?”

“ಮಾವಾ!”

“ನಾನೇನು ಅಂದೆ ಈಗ? ಲೆಕ್ಕಕ್ಕೆ ಕೇಳಿದೆ, ಅಷ್ಟೇ.”

ಗುರುವಾರ ಸಂಜೆ ಐದಕ್ಕೆ ಅಂಗಡಿಯ ಬಾಗಿಲು ಗೋಡೆಗೆ ಬಡಿಯಿತು.

“ಸಮಾಧಾನ ಆಯ್ತಾ ನಿಮಗೆ?”

ಅವನ ಮುಖ ಕೆಂಪಾಗಿತ್ತು. ಅವಳು ಎದ್ದು ನಿಂತಳು.

“ನಾನು ನುಡಿಸಿದ್ದು ನನಗೇ ಕೇಳಲಿಲ್ಲ ರೀ! ಡ್ರಮ್ ಶುರುವಾಯ್ತು, ಗಿಟಾರ್ ಸೇರ್ತು, ನಾನು ಮಾಯ! ಬ್ಯಾಂಡ್ ನಡೆಸೋ ಅಕ್ಕ ಹಾಡೋದನ್ನ ಅರ್ಧಕ್ಕೇ ನಿಲ್ಲಿಸಿ, ‘ಪ್ಲಗ್ ಹಾಕಿದೀಯೇನಪ್ಪಾ?’ ಅಂತ ಕೇಳಿದ್ರು. ಎಲ್ಲರೂ ನಕ್ಕರು.”

‘ನಕ್ಕರು...’ ಆ ಒಂದು ಪದಕ್ಕೆ ಅವಳು ಕೈಯಲ್ಲಿದ್ದ ಬೆಸುಗೆ ಕಡ್ಡಿಯನ್ನು ಕೆಳಗಿಟ್ಟಳು.

“ಆಮೇಲೆ ಆ ಇನ್ನೊಬ್ಬ, ಕೆಂಪು ಗಿಟಾರಿನವನು, ನುಡಿಸಿದ. ಒಂದೊಂದು ಪೆಟ್ಟೂ ಗೋಡೆಗೆ ಮೊಳೆ ಹೊಡೆದ ಹಾಗೆ ಕೇಳಿಸ್ತು. ಎಲ್ಲಿ ಸರಿಮಾಡಿಸಿದೆ ಅಂತ ಕೇಳಿದೆ. ಈ ಅಂಗಡಿ ಹೇಳಿದ! ನೀವೇ ಮಾಡಿಕೊಟ್ರಂತೆ!”

ನಿಜ. ಹತ್ತು ದಿನದ ಹಿಂದೆ.

“ಅವನಿಗೆ ಒಂದು ಥರ, ನನಗೆ ಒಂದು ಥರ. ಯಾಕೆ? ಅವನು ನಿಮಗೆ ಏನಾಗಬೇಕು?”

‘ಏನೂ ಆಗಬೇಕಿಲ್ಲ! ಅದಕ್ಕೇ ಅವನ ಗಿಟಾರ್ ಒರೆಸಿ, ತಂತಿ ಬಿಗಿದು, ಹತ್ತು ನಿಮಿಷದಲ್ಲಿ ಕಳಿಸಿಬಿಟ್ಟೆ. ನಿಮ್ಮದಕ್ಕೆ ಮೂರು ದಿನ...’

ಒಳಗೆ ಮಾತುಗಳು ಒಂದರ ಮೇಲೊಂದು ಬಿದ್ದವು. ಬಾಯಿ ಮಾತ್ರ ಅದೇ ಒಂಬತ್ತನೇ ತರಗತಿಯ ಬಾಯಿ. ತುಟಿ ಅಲುಗಾಡಿತು. ಸದ್ದು ಬರಲಿಲ್ಲ.

ಅವನು ಕಾದ. ನಿಜವಾಗಿಯೂ ಕಾದ. ಆಮೇಲೆ ಅವನ ಭುಜ ಕುಸಿಯಿತು.

“ಸರಿ ಬಿಡಿ. ಉತ್ತರ ಸಿಕ್ತು.”

ಅವನು ಹೋದ. ಅವಳು ಅಂಗಡಿಯ ಆಂಪ್‌ಗೆ ಇನ್ನೊಂದು ಬೇಸ್ ಸಿಕ್ಕಿಸಿ, ಅದೇ ಗುಂಡಿಗಳನ್ನು ಅದೇ ಅಳತೆಗೆ ತಿರುಗಿಸಿ ತಂತಿ ಮಿಡಿದಳು. ಚೆಂದವೇ ಕೇಳಿತು! ಮತ್ತೆ ಮಿಡಿದಳು. ಚೆಂದವೇ! ಹಾಗಾದರೆ ತಪ್ಪೆಲ್ಲಿ?

ಮಾವ ಬಂದು ಪಕ್ಕದಲ್ಲಿ ಸ್ಟೂಲು ಎಳೆದುಕೊಂಡರು. ಈ ಸಲ ತಮಾಷೆ ಮಾಡಲಿಲ್ಲ.

“ಕಿವಿ... ನೀನು ಯಾವತ್ತಾದ್ರೂ ಒಂದು ಬ್ಯಾಂಡ್ ಪಕ್ಕ ನಿಂತು ಕೇಳಿದೀಯಾ? ಡ್ರಮ್ಮು, ಗಿಟಾರು, ಹಾಡು, ಎಲ್ಲಾ ಒಟ್ಟಿಗೆ?”

ಎಷ್ಟು ಜನ ಗಿರಾಕಿಗಳು ಪಾಸ್ ಕೊಟ್ಟು ಕರೆದಿದ್ದರು! ಗುಂಪೆಂದರೆ ಭಯ. ಒಂದಕ್ಕೂ ಹೋಗಿರಲಿಲ್ಲ. ಎಂಟು ವರ್ಷ ಅವಳು ಎಲ್ಲಾ ವಾದ್ಯಗಳನ್ನೂ ಕೇಳಿದ್ದು ಈ ಸದ್ದಿಲ್ಲದ ಹಿಂಕೋಣೆಯಲ್ಲಿ. ಒಂದೊಂದಾಗಿ. ಒಂಟಿಯಾಗಿ.

“ಶನಿವಾರ ಮೂರು ಗಂಟೆಗೆ ಅಲ್ವಾ?” ಎಂದರು ಮಾವ. “ನಾನು ಬರಲ್ಲ. ನಾನು ಬಂದ್ರೆ ನಾನೇ ಮಾತಾಡ್ಬಿಡ್ತೀನಿ.”

ಅಭ್ಯಾಸದ ಜಾಗವೆಂದರೆ ಹಳೆಯ ಗೋದಾಮಿನ ಮೇಲಂತಸ್ತು. ಗೋಡೆಗೆಲ್ಲ ಮಾಸಿದ ಜಮಖಾನೆ ಹೊಡೆದಿದ್ದರು. ಅವಳು ಬಾಗಿಲು ತಳ್ಳಿದಾಗ ಕೆಂಪು ಗಿಟಾರಿನವನು ತನ್ನ ಸರದಿ ಮುಗಿಸಿ ಕುರ್ಚಿಯಲ್ಲಿ ಕಾಲು ಚಾಚಿ ಕೂತಿದ್ದ. ಹಾಡುವ ಅಕ್ಕ ಮೈಕಿನ ಮುಂದೆ ಸೊಂಟದ ಮೇಲೆ ಕೈಯಿಟ್ಟು ನಿಂತಿದ್ದರು.

ಅವನು ಕಂದು ಬೇಸ್ ಹೊತ್ತು ಮೂಲೆಯಲ್ಲಿದ್ದ. ಅವಳನ್ನು ನೋಡಲಿಲ್ಲ.

“ಒನ್... ಟೂ... ತ್ರೀ...”

ಸದ್ದು ಗೋಡೆಯಂತೆ ಬಂದು ಅವಳ ಮೈಗೆ ಬಡಿಯಿತು! ಓಡಿಹೋಗಬೇಕೆನಿಸಿತು. ಬಾಗಿಲ ಹಿಡಿಯನ್ನು ಗಟ್ಟಿಯಾಗಿ ಹಿಡಿದುಕೊಂಡು ಕಣ್ಣು ಮುಚ್ಚಿದಳು. ಕೇಳಿದಳು.

ದೊಡ್ಡ ಡ್ರಮ್ಮು ನೆಲವನ್ನೆಲ್ಲ ಆಕ್ರಮಿಸಿತ್ತು. ತಾಳದ ತಟ್ಟೆಗಳೂ ಗಿಟಾರೂ ಸೂರನ್ನು ತುಂಬಿದ್ದವು. ಅವನಿಗೆ ಉಳಿದದ್ದು ನಡುವಿನ ಜಾಗ ಮಾತ್ರ...

ಆ ನಡುವನ್ನೇ ಅವಳು ತನ್ನ ಕೈಯಾರೆ ಖಾಲಿ ಮಾಡಿ ಕಳಿಸಿದ್ದಳು!

‘ಒಂಟಿಯಾಗಿ ಕೇಳಿ ಮರುಳಾದೆ. ಇವರ ಜೊತೆ ಬದುಕಬೇಕಾದ ಸದ್ದನ್ನು ನನಗೋಸ್ಕರ ಮಾಡಿಬಿಟ್ಟೆ...’

ಅಕ್ಕ ಕೈಯೆತ್ತಿದರು. ಎಲ್ಲ ನಿಂತಿತು.

“ಮೊನ್ನೆಯದೇ ಕಥೆ. ಸಾಕಪ್ಪಾ. ನಿನ್ನ ಕಷ್ಟ ನನಗೆ ಗೊತ್ತಾಗುತ್ತೆ, ಆದ್ರೆ...”

“ಇನ್ನೊಂದು ಹಾಡು ಅಕ್ಕಾ. ಒಂದೇ ಒಂದು.”

“ಏನು ಬದಲಾಗುತ್ತೆ ಹೇಳು?”

ಉತ್ತರ ಗೊತ್ತಿದ್ದವಳು ಬಾಗಿಲ ಹಿಡಿಯನ್ನು ಬಿಟ್ಟಳು.

“ತಪ್ಪು... ಅವರದಲ್ಲ.”

ಯಾರಿಗೂ ಕೇಳಲಿಲ್ಲ. ಅವನು ಬೇಸನ್ನು ಕೊರಳಿಂದ ಇಳಿಸತೊಡಗಿದ.

“ತಪ್ಪು ಅವರದಲ್ಲ! ನನ್ನದು!”

ಎಲ್ಲರೂ ತಿರುಗಿದರು. ಅವಳು ಯಾರ ಮುಖವನ್ನೂ ನೋಡದೆ, ನೆಲದ ಕೇಬಲ್ಲುಗಳನ್ನು ದಾಟಿಕೊಂಡು ಅವನ ಆಂಪ್ ಹತ್ತಿರ ಬಂದಳು.

“ಯಾರಮ್ಮಾ ನೀನು?”

“ಇವರ ಸದ್ದು ಆರಿಸಿದ್ದು ನಾನು. ನಾನು... ನಾನು ಯಾವತ್ತೂ ಬ್ಯಾಂಡ್ ಕೇಳಿಲ್ಲ. ಗೊತ್ತಾಗಲಿಲ್ಲ. ಎರಡು ನಿಮಿಷ ಕೊಡಿ.”

“ಇನ್ನೂ ಏನು ಬಾಕಿ ಇದೆ?” ಅವನು ಹಲ್ಲು ಕಚ್ಚಿ ಪಿಸುಗುಟ್ಟಿದ. “ಹೋಗಿ ರೀ, ದಯವಿಟ್ಟು.”

ಅವಳು ಹೋಗಲಿಲ್ಲ. ಸದ್ದು ಹರಡುವ ಪೆಡಲನ್ನು ಕಿತ್ತು ಪಕ್ಕಕ್ಕಿಟ್ಟಳು. ಆಳದ ಗುಂಡಿ ಇಳಿಸಿದಳು. ಮಧ್ಯದ ಗುಂಡಿಯನ್ನು ತಿರುಗಿಸಿದಳು... ಇನ್ನೂ... ಇನ್ನೂ...

“ಬಲಗೈಯನ್ನ ತಂತಿ ಕಟ್ಟಿರೋ ತುದಿ ಕಡೆ ಸರಿಸಿ. ಅಲ್ಲಿ ಮಿಡೀರಿ.”

ಅವನು ಮಿಡಿದ. ಒರಟು, ಒಣಕಲು ಸದ್ದು. ಕೆಂಪು ಗಿಟಾರಿನವನು ಕಿಸಕ್ಕೆಂದ.

“ಖಾಲಿ ಡಬ್ಬ ಬಡಿದ ಹಾಗಿದೆಯಲ್ಲಮ್ಮಾ!” ಎಂದ ಡ್ರಮ್ ನುಡಿಸುವ ದಪ್ಪನೆಯವನು. ನಗು ಎದ್ದಿತು.

ಅದೇ ನಗು... ಆದರೆ ಈ ಸಲ ಅವಳು ಓಡಲಿಲ್ಲ. ಬೇಸ್ ಹಿಡಿದು ನಿಂತಿದ್ದ ಅವನ ಕಣ್ಣಲ್ಲಿ ಕಣ್ಣಿಟ್ಟಳು.

“ಇದೊಂದನ್ನೇ ಕೇಳಬೇಡಿ. ನಾನು ಮಾಡಿದ ತಪ್ಪೇ ಅದು. ಎಲ್ಲರ ಜೊತೆ ನುಡಿಸಿ. ಇದೊಂದು ಸಲ... ನನ್ನ ನಂಬಿ.”

ಅವನು ಗುಂಡಿಗಳನ್ನೊಮ್ಮೆ, ಅವಳ ಸುಟ್ಟ ಹೆಬ್ಬೆರಳನ್ನೊಮ್ಮೆ ನೋಡಿದ.

ಅವನು ಪಟ್ಟಿಯನ್ನು ಮತ್ತೆ ಕೊರಳಿಗೆ ಹಾಕಿಕೊಂಡ. “ನಾನು ರೆಡಿ ಅಕ್ಕಾ.”

“ಇದೇ ಕೊನೇದು,” ಎಂದರು ಅಕ್ಕ.

ಡ್ರಮ್ಮು ಬಿದ್ದಿತು. ಗಿಟಾರು ಹೊತ್ತಿಕೊಂಡಿತು. ಅವೆರಡರ ನಡುವೆ, ಇಲ್ಲಿಯವರೆಗೆ ಖಾಲಿಯಿದ್ದ ಜಾಗದಲ್ಲಿ ಅವನು ಬಂದು ನಿಂತ! ಒರಟುತನ ಎಲ್ಲಿ ಹೋಯಿತೋ. ಡ್ರಮ್ಮಿನವನ ತಲೆ ತಾನಾಗಿ ತೂಗತೊಡಗಿತು. ಎರಡನೇ ಚರಣಕ್ಕೆ ಅಕ್ಕ ಮೈಕು ಬಿಟ್ಟು ತಿರುಗಿ, ಅವನನ್ನೇ ನೋಡುತ್ತಾ ಹಾಡಿದರು.

ಹಾಡು ಮುಗಿಯಿತು. ಅಕ್ಕ ಅವನ ಹತ್ತಿರ ಬಂದರು.

“ಮೊನ್ನೆ ಎಲ್ಲಿಗೆ ಹೋಗಿದ್ದೆ ನೀನು?”

“ಇಲ್ಲೇ ಇದ್ದೆ ಅಕ್ಕಾ.”

“ಇನ್ಮೇಲೂ ಇಲ್ಲೇ ಇರು.” ಅಕ್ಕ ಕೆಂಪು ಗಿಟಾರಿನವನ ಕಡೆ ತಿರುಗಿದರು. “ನಿನ್ನ ಕೈ ಚೆನ್ನಾಗಿದೆಯಪ್ಪಾ. ಆದ್ರೆ ಇವನು ನಮ್ಮನ್ನ ಕೇಳಿಸ್ಕೊಂಡು ನುಡಿಸ್ತಾನೆ.”

ಅವನ ಕಣ್ಣು ಅವಳನ್ನು ಹುಡುಕಿತು. ಆಂಪ್ ಪಕ್ಕದಲ್ಲಿ ಯಾರೂ ಇರಲಿಲ್ಲ!

ಅವಳು ಗೋದಾಮಿನ ಕಬ್ಬಿಣದ ಮೆಟ್ಟಿಲಿಳಿದು ಅರ್ಧಕ್ಕೆ ಬಂದಿದ್ದಳು. ಮೇಲಿಂದ ದಡದಡ ಸದ್ದು.

“ನಿಲ್ರೀ! ಎಲ್ಲಿಗೆ ಓಡ್ತಿದ್ದೀರಾ?”

ಅವಳು ನಿಂತಳು. ತಿರುಗಲಿಲ್ಲ. ಅವನು ಅವಳನ್ನು ದಾಟಿ ಎರಡು ಮೆಟ್ಟಿಲು ಕೆಳಗಿಳಿದು ಎದುರು ನಿಂತ. ಈಗ ಇಬ್ಬರ ಕಣ್ಣೂ ಒಂದೇ ಎತ್ತರದಲ್ಲಿದ್ದವು.

“ಮೊನ್ನೆ ಯಾಕೆ ಹೇಳಲಿಲ್ಲ? ನಾನು ಅಷ್ಟೆಲ್ಲ ಬೈದೆ, ಸುಮ್ಮನೆ ನಿಂತಿದ್ರಲ್ಲ!”

“ತಪ್ಪು ಏನು ಅಂತ ನನಗೇ ಗೊತ್ತಿರಲಿಲ್ಲ.” ಅವಳು ಕಬ್ಬಿಣದ ಕಂಬಿಯನ್ನು ಹಿಡಿದುಕೊಂಡಳು. “ಅವನು ನನಗೆ ಏನೂ ಆಗಬೇಕಿಲ್ಲ. ಅವನಿಗೆ ಗಿಟಾರ್ ಸರಿಮಾಡಿ ಕೊಟ್ಟೆ. ನಿಮಗೆ... ನನಗೆ ತುಂಬಾ ಇಷ್ಟವಾದ ಸದ್ದನ್ನ ಕೊಟ್ಟೆ. ನಿಮಗೆ ಏನು ಬೇಕು ಅಂತ ಕೇಳೋದೇ ಮರೆತುಹೋಯ್ತು.”

ಅವನು ಮುಖವನ್ನು ಎರಡೂ ಕೈಯಿಂದ ಉಜ್ಜಿಕೊಂಡ.

“ನಾನೊಬ್ಬ ಪೆದ್ದ. ಬುಧವಾರವೇ ಎಲ್ಲ ಮುಗಿದಿತ್ತಲ್ಲ, ಕೇಬಲ್ ಸರಿಯಿಲ್ಲ ಅಂತ ಮತ್ತೆ ಸಂಜೆ ಬಂದೆ, ನೆನಪಿದೆಯಾ? ಕೇಬಲ್ ಸರಿಯಾಗೇ ಇತ್ತು.”

“ಗೊತ್ತು.”

“ಗೊತ್ತಿತ್ತಾ?”

“ಆ ಕೇಬಲ್ಲಿಗೆ ಬೆಸುಗೆ ಹಾಕಿದ್ದು ನಾನೇ ಅಲ್ವಾ.”

ಅವನಿಗೆ ನಗು ಬಂತು. ಕಣ್ಣಲ್ಲಿ ನೀರೂ ಬಂತು.

“ನೋಡಿ, ಇವತ್ತು ತುಂಬಾ ಮಾತಾಡಿ ಸುಸ್ತಾಗಿದ್ದೀರಿ. ಒಂದೇ ಒಂದು ಕೇಳ್ತೀನಿ. ಬಾಯಿ ಬಿಡೋದು ಬೇಡ, ತಲೆ ಆಡಿಸಿದ್ರೆ ಸಾಕು. ಈ ಪೆದ್ದ ನಿಮಗೆ... ಇಷ್ಟಾನಾ?”

ಅವಳು ತಲೆ ಆಡಿಸಲಿಲ್ಲ.

ಅವನ ನಗು ಮೆಲ್ಲನೆ ಇಳಿಯಿತು. “ಪರವಾಗಿಲ್ಲ... ನಾನು...”

“ತಲೆ ಯಾಕೆ ಆಡಿಸಲಿ?” ಅವಳ ದನಿ ನಡುಗುತ್ತಿತ್ತು, ಆದರೆ ನಿಲ್ಲಲಿಲ್ಲ. “ಬಾಯಿಬಿಟ್ಟೇ ಹೇಳ್ತೀನಿ. ಇಷ್ಟ. ಸೋಮವಾರದಿಂದ ಇಷ್ಟ.”

“ಇನ್ನೊಂದ್ಸಲ ಹೇಳ್ತೀಯಾ? ಸರಿಯಾಗಿ ಕೇಳಲಿಲ್ಲ.”

“ಸುಳ್ಳು. ಕೇಳಿಸ್ತು ನಿನಗೆ.”